ಸಿಗ್ನಲ್ ಬಿಟ್ಟುಹೋದ ಏಣಿ

ಅಡುಗೆಮನೆ ದುರಸ್ತಿಗೆ ಮೊದಲು ಬಂದ ಕಂಟ್ರಾಕ್ಟರ್ ಒಂದು ಗೋಡೆ ಒಡೆದ ಮೇಲೆ ಓಡಿಹೋದ. ಎರಡನೆಯವನು ಇನ್ನೊಂದು ಗೋಡೆಗೆ ಕೈ ಹಚ್ಚುವ ಮೊದಲೇ ಓಡಿಹೋದ. ಇಬ್ಬರೂ ಓಡಿದ್ದಕ್ಕೆ ಕಾರಣ ಒಂದೇ. ಅದು ಅತ್ತೆ.

ಅತ್ತೆ ನಿವೃತ್ತ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್. ಕಾರ್ಖಾನೆ, ಸಿನಿಮಾ ಮಂದಿರ, ಆಸ್ಪತ್ರೆಗಳ ವೈರಿಂಗ್ ನೋಡಿ ಸಹಿ ಹಾಕುವುದು ಅವರ ಉದ್ಯೋಗವಾಗಿತ್ತು. ಸಹಿ ಹಾಕದೆ ವಾಪಸ್ ಬಂದದ್ದೇ ಹೆಚ್ಚು. ಮಗಳ ಮನೆಯ ಅಡುಗೆಮನೆಯಲ್ಲಿ ಕೆಲಸ ಶುರುವಾದ ದಿನ ಅವರು ಒಂದು ಕುರ್ಚಿ ತಂದು ಕಂಟ್ರಾಕ್ಟರನ ಬೆನ್ನಿಗೇ ಹಾಕಿಕೊಂಡು ಕುಳಿತರು. ಸಿಂಕಿನ ಪಕ್ಕ ಪ್ಲಗ್ ಯಾಕೆ ಬಂತು, ಸ್ವಿಚ್ಚು ಫೇಸ್ ಬಿಟ್ಟು ನ್ಯೂಟ್ರಲ್ ಮೇಲೆ ಯಾಕೆ ಕೂತಿದೆ, ಒಂದು ಪೈಪಿನೊಳಗೆ ಅಷ್ಟು ವೈರು ತುರುಕಿದ್ದು ಯಾರು ಎಂದು ಒಂದೊಂದಾಗಿ ವಿಚಾರಿಸಿದರು. ಮೊದಲನೆಯವನು ಟೀ ಕುಡಿದು ಬರುತ್ತೇನೆ ಎಂದು ಹೋದವನು ಬರಲಿಲ್ಲ. ಎರಡನೆಯವನು ಟೀ ನೆಪವನ್ನೂ ಹೇಳಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅಷ್ಟರಲ್ಲಿ ಅವಳನ್ನು ಬೇರೆ ಊರಿಗೆ ತರಬೇತಿಗೆ ಕಳಿಸಿದರು. ಹೊರಡುವ ಮುನ್ನ ಅವಳು ಸೂಟ್‌ಕೇಸ್ ಬಾಗಿಲಲ್ಲಿಟ್ಟು ಅಮ್ಮನ ಎದುರು ನಿಂತಳು.

"ಅಮ್ಮಾ, ಮೂರನೆಯವನು ಬರ್ತಿದ್ದಾನೆ. ಈ ಮನೆಯೊಳಗೆ ಕೆಲಸದವರ ಹತ್ರ ನೀನು ಒಂದು ಮಾತೂ ಆಡಬಾರದು."

"ತಪ್ಪು ಕಂಡ್ರೆ?"

"ಇವರಿಗೆ ಹೇಳು. ಇವರು ಹೇಳ್ತಾರೆ."

ಅತ್ತೆ ಅಳಿಯನನ್ನು ಒಮ್ಮೆ ನೋಡಿದರು. ಅಳಿಯನಿಗೆ ಗ್ರಂಥಾಲಯದಲ್ಲಿ ಕೆಲಸ. ದನಿ ಎತ್ತರಿಸುವುದು ಅಲ್ಲಿ ನಿಯಮಕ್ಕೆ ವಿರುದ್ಧ, ಹಾಗಾಗಿ ಅವನಿಗೆ ಅಭ್ಯಾಸ ತಪ್ಪಿಹೋಗಿತ್ತು.

"ಇವರು ಹೇಳ್ತಾರಾ?" ಎಂದರು ಅತ್ತೆ.

"ಮಾತು ಕೊಡು ನೀನು. ಇವನೂ ಓಡಿಹೋದ್ರೆ ನಾನು ವಾಪಸ್ ಬಂದು ಆಸ್ಪತ್ರೆ ಹಾಸ್ಟೆಲ್‌ನಲ್ಲಿ ಇರ್ತೀನಿ, ಈ ಮನೆಗೆ ಬರಲ್ಲ. ನಿಜವಾಗ್ಲೂ ಹೇಳ್ತಿದ್ದೀನಿ."

ಅತ್ತೆ ಮಾತು ಕೊಟ್ಟರು. ಸಹಿ ಹಾಕಿದ ಮೇಲೆ ಹಿಂದೆ ಸರಿದು ಅವರಿಗೆ ಗೊತ್ತಿರಲಿಲ್ಲ.

ಅಡುಗೆ ಮಲಗುವ ಕೋಣೆಗೆ ಬಂತು. ಒಲೆ ಕನ್ನಡಿ ಮೇಜಿನ ಮೇಲೆ ಕೂತಿತು, ಉಪ್ಪಿನ ಡಬ್ಬಿ ಪೌಡರ್ ಡಬ್ಬಿಯ ಪಕ್ಕ. ಒಂದು ಬೆಳಿಗ್ಗೆ ಅಳಿಯ ಮಾಡಿದ ಆಮ್ಲೆಟ್ ಗುಲಾಬಿ ಹೂವಿನ ಹಾಗೆ ಘಮ್ಮೆಂದಿತು. ಅತ್ತೆ ಅಳಿಯ ಇಬ್ಬರೂ ಆ ವಿಷಯ ಎತ್ತದೆ ತಿಂದು ಮುಗಿಸಿದರು.

ಮೂರನೆಯ ಕಂಟ್ರಾಕ್ಟರ್ ನಗುಮುಖದ ಆಳು. ಒಂದು ದಿನ ಬಂದರೆ ಮೂರು ದಿನ ಕಾಣುತ್ತಿರಲಿಲ್ಲ. ಫೋನ್ ಮಾಡಿದರೆ ಮಾತ್ರ ತಕ್ಷಣ ಎತ್ತುತ್ತಿದ್ದ. "ಸಿಗ್ನಲ್‌ನಲ್ಲಿ ನಿಂತಿದ್ದೀನಿ ಸಾರ್, ಹಸಿರು ಬಿದ್ದ ತಕ್ಷಣ ಬಂದೆ" ಎನ್ನುತ್ತಿದ್ದ. ಬೆಳಿಗ್ಗೆ ಕೇಳಿದರೂ ಸಿಗ್ನಲ್, ಸಂಜೆ ಕೇಳಿದರೂ ಸಿಗ್ನಲ್. ಅತ್ತೆ ಅವನಿಗೆ ಸಿಗ್ನಲ್ ಎಂದೇ ಹೆಸರಿಟ್ಟರು. ಆ ಹೆಸರನ್ನೂ ಅವನ ಎದುರು ಎತ್ತಲಿಲ್ಲ, ಮಾತು ಕೊಟ್ಟಿದ್ದರಲ್ಲ.

ಆದರೆ ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಹೋಗುವಾಗ ತನ್ನ ಏಣಿಯನ್ನು ಅಡುಗೆಮನೆಯಲ್ಲೇ ಬಿಟ್ಟುಹೋಗುತ್ತಿದ್ದ. ಹೊಚ್ಚ ಹೊಸ ಅಲ್ಯೂಮಿನಿಯಂ ಏಣಿ, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಮಲಗಿರುತ್ತಿತ್ತು.

"ಏಣಿ ಇಲ್ಲೇ ಇದೆಯಲ್ಲ ಸಾರ್, ಅದನ್ನ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದ.

ಅಳಿಯ ಇದನ್ನು ನಂಬಿದ. ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ ಏಣಿಯನ್ನು ನೋಡಿ ಹೋಗುತ್ತಿದ್ದ. ಏಣಿ ಇದ್ದರೆ ಜೀವ ತಂಪಾಗುತ್ತಿತ್ತು.

ಅತ್ತೆ ಹಲ್ಲು ಕಚ್ಚಿಕೊಂಡು ಕುಳಿತಿದ್ದರು. ಒಂದೇ ಒಂದು ಸಲ ಅಳಿಯನನ್ನು ಪಕ್ಕಕ್ಕೆ ಕರೆದು, "ಅಳಿಯಂದ್ರೇ, ಅರ್ಥಿಂಗ್ ಕೊಟ್ಟಿದ್ದಾನಾ ಕೇಳಿ" ಎಂದರು. ಅಳಿಯ ಕೇಳಿದ. ಸಿಗ್ನಲ್ ಒಂದು ಪ್ಲಗ್ಗಿನ ಮುಚ್ಚಳ ಬಿಚ್ಚಿ ಒಳಗಿನ ಹಸಿರು ವೈರನ್ನು ಬೆರಳಲ್ಲಿ ಎತ್ತಿ ತೋರಿಸಿದ. "ಕಾಣ್ತಿದೆಯಲ್ಲ ಸಾರ್." ಅಳಿಯನಿಗೆ ಕಂಡಿತು.

"ಹಸಿರು ವೈರ್ ಇದೆ ಅತ್ತೆ."

"ಈ ತುದಿ ಇದೆ. ಆ ತುದಿ ಎಲ್ಲಿದೆ?"

"ಗೋಡೆಯೊಳಗೆ."

"ಗೋಡೆಯೊಳಗೆ ಎಲ್ಲಿ?"

ಅಳಿಯನಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳಿದರೆ ಇವನೂ ಟೀ ಕುಡಿಯಲು ಹೊರಟರೇನು ಗತಿ ಎಂಬ ಭಯವೂ ಇತ್ತು.

"ಲೈನಿಗೆ ಕರೆಂಟ್ ಬರಲಿ, ನಾನೇ ನೋಡ್ತೀನಿ. ಪರೀಕ್ಷೆ ಮಾಡದೆ ಯಾರ ಮೇಲೂ ತಪ್ಪು ಹೊರಿಸಲ್ಲ" ಎಂದರು ಅತ್ತೆ.

ಮಗಳು ಬರುವ ಭಾನುವಾರಕ್ಕೆ ಇನ್ನು ಕೆಲವೇ ದಿನ ಉಳಿದಿದ್ದವು. "ಅಡುಗೆಮನೆ ಎಲ್ಲಿಗೆ ಬಂತು ರೀ?" ಎಂದು ಅವಳು ಫೋನಿನಲ್ಲಿ ಕೇಳಿದಾಗ ಅಳಿಯ, "ಬಹುತೇಕ ಮುಗಿದಿದೆ" ಎಂದ. ಹಾಗೆ ಹೇಳುವಾಗ ಅವನ ಕಣ್ಣೆದುರು ಸಿಮೆಂಟ್ ಮೂಟೆಯ ಮೇಲೆ ಮಲಗಿದ ಸಿಂಕ್ ಇತ್ತು. ಕೊನೆಯ ಸಲ ಬಂದಾಗ ಸಿಗ್ನಲ್ ಅಡುಗೆಮನೆಯ ಲೈನಿಗೆ ಕರೆಂಟ್ ಕೊಟ್ಟು ಹೋಗಿದ್ದ, ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಹಳೆಯ ಕ್ಯಾನ್ವಾಸ್ ಚೀಲ ಹುಡುಕಿದರು. ಅದರಲ್ಲಿ ಅವರ ಪರೀಕ್ಷೆಯ ದೀಪವಿತ್ತು. ಪಿಂಗಾಣಿ ಹೋಲ್ಡರ್, ಅದಕ್ಕೊಂದು ಬಲ್ಬು, ಎರಡು ಉದ್ದನೆಯ ವೈರು, ಇಷ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ವತಃ ಕಟ್ಟಿಕೊಂಡದ್ದು. ಬಲ್ಬು ಎಷ್ಟೋ ಸಲ ಬದಲಾಗಿತ್ತು, ಹೋಲ್ಡರ್ ಬದಲಾಗಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಚೀಲ ಅಲ್ಲಿರಲಿಲ್ಲ. ಮೇಜಿನ ಕೆಳಗೆ, ಮಂಚದ ಕೆಳಗೆ, ಪಾತ್ರೆಗಳ ಬುಟ್ಟಿಯಲ್ಲಿ, ಎಲ್ಲೂ ಇರಲಿಲ್ಲ. ಅಳಿಯ ಅಂದು ಗ್ರಂಥಾಲಯಕ್ಕೆ ರಜೆ ಹಾಕಿ ಹುಡುಕಲು ಕೂತ.

ಆಗ ಬಾಗಿಲ ಗಂಟೆ ಬಡಿಯಿತು. ಹಿಂದಿನ ರಸ್ತೆಯ ಹಲ್ಲಿನ ಡಾಕ್ಟರು ನಿಂತಿದ್ದರು.

"ನಿಮ್ಮ ಕಿಟಕೀಲಿ ಕಾಣೋ ಏಣಿ ನಮ್ಮದು" ಎಂದರು ಅವರು.

"ಇಲ್ಲ ಡಾಕ್ಟ್ರೇ, ಅದು ನಮ್ಮ ಕಂಟ್ರಾಕ್ಟರ್‌ದು."

"ತುದೀಲಿ ನೀಲಿ ಬಣ್ಣ ಚೆಲ್ಲಿದೆ ನೋಡಿ. ನಮ್ಮ ಕ್ಲಿನಿಕ್ ಗೇಟಿನ ಬಣ್ಣ ಅದು."

ಅಳಿಯ ನೋಡಿದ. ನೀಲಿ ಇತ್ತು. ಇಷ್ಟು ದಿನ ಜೀವ ತಂಪು ಮಾಡಿದ್ದ ಏಣಿಯನ್ನು ಅವನು ಅಪರಿಚಿತರನ್ನು ನೋಡುವಂತೆ ನೋಡಿದ.

"ನಿಮ್ಮನೇಲೂ ಅವನೇನಾ ಕೆಲಸ ಮಾಡ್ತಿರೋದು?"

"ಬಾತ್‌ರೂಮು. ಮಕ್ಕಳು ಪಕ್ಕದ ಮನೇಲಿ ಸ್ನಾನ ಮಾಡಿ ಬರ್ತಿದ್ದಾರೆ. ಕೇಳಿದ್ರೆ, ನನ್ನ ಸಾಮಾನು ನಿಮ್ಮನೇಲೇ ಇದೆಯಲ್ಲ ಡಾಕ್ಟ್ರೇ, ಬಿಟ್ಟು ಎಲ್ಲಿಗೆ ಹೋಗ್ಲಿ ಅಂತಾನೆ."

"ಏನು ಸಾಮಾನು?"

"ಒಂದು ಕ್ಯಾನ್ವಾಸ್ ಚೀಲ. ಒಳಗೆ ಬಲ್ಬು."

ಒಳಕೋಣೆಯಿಂದ ಅತ್ತೆ ಬಂದರು. "ಪಿಂಗಾಣಿ ಹೋಲ್ಡರಾ?"

"ಹೌದು. ನಿಮ್ಮದಾ ಅದು?"

ಅತ್ತೆ ಚಪ್ಪಲಿ ಹಾಕಿಕೊಂಡರು, ರಬ್ಬರಿನದು.

ಡಾಕ್ಟರು ದಾರಿಯಲ್ಲಿ ಉಳಿದದ್ದನ್ನು ಹೇಳಿದರು. ಸಿಗ್ನಲ್ ಆ ಬೆಳಿಗ್ಗೆ ಬಂದು, ಮೇಜಿನ ಮೇಲೆ ಸ್ಟೂಲಿಟ್ಟು ಬಾತ್‌ರೂಮಿನ ಮೇಲಿನ ಅಟ್ಟ ಹತ್ತಿದ್ದ. ಕೆಲಸ ಮುಗಿಯುವ ತನಕ ಇಳಿಯಬಾರದೆಂದು ಡಾಕ್ಟರು ಮೇಜನ್ನೇ ಎಳೆದು ಮುಂದಿನ ಕೋಣೆಗೆ ಹಾಕಿಬಿಟ್ಟಿದ್ದರು. "ಈಗ ಅವನನ್ನ ಇಳಿಸೋಕೆ ಏಣಿ ಬೇಕು. ಏಣಿ ಎಲ್ಲೋ ಅಂದ್ರೆ ರಿಪೇರಿಗೆ ಕೊಟ್ಟಿದ್ದೀನಿ ಅಂದ. ಏಣಿಗೆ ಏನು ರಿಪೇರಿ ಇರುತ್ತೆ ಹೇಳಿ?"

ಅಳಿಯ ಮತ್ತು ಡಾಕ್ಟರು ಏಣಿಯ ಎರಡು ತುದಿ ಹಿಡಿದು ನಡೆದರು. ಅತ್ತೆ ಮುಂದೆ ನಡೆದರು.

ಬಾತ್‌ರೂಮಿನ ಬಾಗಿಲಲ್ಲಿ ನಿಂತಾಗ ಅಳಿಯನಿಗೆ ಏನನ್ನಿಸಿತೋ, ಜೇಬಿನಿಂದ ಫೋನ್ ತೆಗೆದು ಸಿಗ್ನಲ್‌ಗೆ ಕರೆ ಮಾಡಿದ. ಅಟ್ಟದಲ್ಲಿ ಫೋನ್ ಬಡಿದುಕೊಂಡಿತು.

"ಸಿಗ್ನಲ್‌ನಲ್ಲಿ ನಿಂತಿದ್ದೀನಿ ಸಾರ್" ಎಂದಿತು ಅಟ್ಟ. ಅರೆಗಳಿಗೆ ತಡವಾಗಿ ಫೋನೂ ಅದನ್ನೇ ಹೇಳಿತು.

"ಯಾವ ಬಣ್ಣ ಬಿದ್ದಿದೆಯಪ್ಪಾ?" ಎಂದರು ಅತ್ತೆ, ತಲೆಯೆತ್ತಿ.

ಅಟ್ಟದ ಅಂಚಿನಲ್ಲಿ ಒಂದು ಮುಖ ಕಾಣಿಸಿತು. ಇಷ್ಟು ದಿನ ಮೂಗಿ ಎಂದು ಅವನು ತಿಳಿದಿದ್ದ ಹೆಂಗಸು ಕೆಳಗೆ ನಿಂತು ಮಾತಾಡುತ್ತಿದ್ದರು.

"ಅಮ್ಮಾವ್ರಿಗೆ ಮಾತು ಬರುತ್ತಾ?"

"ಅತ್ತೇ," ಅಳಿಯ ಪಿಸುಗುಟ್ಟಿದ, "ಮಾತು ಕೊಟ್ಟಿದ್ದೀರಿ."

"ಈ ಮನೆಯೊಳಗೆ ಅಂತ ನಮ್ಮ ಮನೆ ವಿಷಯ ಹೇಳಿದ್ದು ನನ್ನ ಮಗಳು. ಇದು ಡಾಕ್ಟ್ರ ಮನೆ." ಡಾಕ್ಟರ ಕಡೆ ತಿರುಗಿ, "ನಿಮ್ಮ ಅಭ್ಯಂತರ ಇಲ್ಲ ತಾನೆ?" ಎಂದರು.

"ಎಷ್ಟು ಬೇಕಾದ್ರೂ ಮಾತಾಡಿ" ಎಂದರು ಡಾಕ್ಟರು.

ಮೂಲೆಯಲ್ಲಿದ್ದ ಚೀಲದಿಂದ ಅತ್ತೆ ದೀಪ ತೆಗೆದರು. ಗೀಸರಿನ ಮೂರು ತೂತಿನ ಪ್ಲಗ್ಗಿಗೆ ಅದರ ಎರಡು ವೈರು ಹಿಡಿದರು. ಕೆಳಗಿನ ಎರಡು ತೂತಿಗೆ ಹಿಡಿದಾಗ ಬಲ್ಬು ಚೆನ್ನಾಗಿ ಉರಿಯಿತು. ನ್ಯೂಟ್ರಲ್ ಕಡೆಯ ವೈರನ್ನು ತೆಗೆದು ಮೇಲಿನ ದೊಡ್ಡ ತೂತಿಗೆ ಹಾಕಿದರು. ಬಲ್ಬು ಆರಿತು. ಕದಲಿಸಿ ನೋಡಿದರು, ಉರಿಯಲಿಲ್ಲ.

"ಕಂಡ್ತಾ ಅಳಿಯಂದ್ರೇ? ಮೇಲಿನ ತೂತು ಅರ್ಥಿಂಗ್‌ದು. ಅದು ನೆಲಕ್ಕೆ ಸೇರಿದ್ರೆ ಇಲ್ಲೂ ಉರೀಬೇಕು. ಸೇರಿಲ್ಲ."

"ಹಸಿರು ವೈರ್ ಇದೆ ಅಮ್ಮಾ" ಎಂದಿತು ಅಟ್ಟ.

"ಇದೆ. ಏಣಿ ಹಾಕಿಸ್ತೀನಿ, ಇಳಿ. ಗೀಸರ್ ಆನ್ ಮಾಡ್ತೀನಿ, ನೆಲಕ್ಕೆ ನೀರು ಹಾಕಿ ಬರಿಗಾಲಲ್ಲಿ ನಿಂತು ಅದರ ಮೈ ಮುಟ್ಟು."

ಏಣಿ ಬಂತು, ಅಳಿಯ ಬುಡ ಹಿಡಿದ. ಸಿಗ್ನಲ್ ಇಳಿದ, ಆದರೆ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಗೀಸರನ್ನು ನೋಡಿದ. ಕೈ ಬೆನ್ನ ಹಿಂದೆ ಹೋಯಿತು.

"ಬೇಡ ಅಮ್ಮಾವ್ರೇ."

"ಯಾಕೆ?"

"ಒಳಗೆಲ್ಲಾದ್ರೂ ಲೀಕ್ ಇದ್ರೆ ಹೊಡೆಯುತ್ತೆ."

"ನೀನು ಮುಟ್ಟೋಕೆ ಹೋಗಿದ್ರೂ ನಾನು ಬಿಡ್ತಿರ್ಲಿಲ್ಲ. ಆದ್ರೆ ಡಾಕ್ಟ್ರ ಮಕ್ಕಳು ಇಲ್ಲೇ ತಾನೆ ಸ್ನಾನ ಮಾಡೋದು?"

ಸಿಗ್ನಲ್‌ನ ಮುಖದ ನಗು ಮೊದಲ ಬಾರಿಗೆ ಇಳಿಯಿತು. ವೈರು ಗೋಡೆಯೊಳಗೆ ಎರಡಡಿ ಹೋಗಿ ನಿಂತಿದೆ ಎಂದು ಒಪ್ಪಿಕೊಂಡ. "ಯಾರೂ ಕೇಳಲ್ಲ ಅಮ್ಮಾ. ಹಸಿರು ಕಂಡ್ರೆ ಎಲ್ಲರಿಗೂ ಸಮಾಧಾನ ಆಗಿಬಿಡುತ್ತೆ."

ಅಳಿಯ ಏಣಿಯ ಬುಡವನ್ನು ಇನ್ನಷ್ಟು ಗಮನವಿಟ್ಟು ನೋಡಿದ.

"ನಮ್ಮನೇಲಿ?" ಎಂದು ಅವನೇ ಕೇಳಿದ. ದನಿ ಗ್ರಂಥಾಲಯಕ್ಕೆ ತಕ್ಕದ್ದಾಗಿರಲಿಲ್ಲ. "ನನ್ನ ಹೆಂಡತಿ ಒದ್ದೆ ಕೈಯಲ್ಲಿ ಮಿಕ್ಸಿ ಹಾಕ್ತಾಳೆ. ಅಲ್ಲೂ ಎರಡಡೀನಾ?"

"ಅಲ್ಲಿ ಒಂದೂವರೆ ಸಾರ್."

ತೀರ್ಮಾನ ಅಲ್ಲೇ, ಬಾತ್‌ರೂಮಿನಲ್ಲೇ ಆಯಿತು. ಬೆಳಿಗ್ಗೆ ಡಾಕ್ಟರ ಮನೆ, ಮಧ್ಯಾಹ್ನದ ಮೇಲೆ ಅಳಿಯನ ಮನೆ. ಏಣಿ ಹೋದಲ್ಲಿಗೆ ಸಿಗ್ನಲ್ ಹೋಗತಕ್ಕದ್ದು. ಏಣಿಯ ಒಂದು ತುದಿ ಅವನು ಹೊತ್ತರೆ ಇನ್ನೊಂದು ತುದಿಯನ್ನು ಎರಡು ಮನೆಗಳಲ್ಲಿ ಯಾರಾದರೂ ಹೊರುವುದು. ದಾರಿಯಲ್ಲಿ ಸಿಗ್ನಲ್ ದೀಪ ಒಂದೂ ಇರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಮತ್ತೆ ತುಟಿ ಹೊಲಿದುಕೊಂಡರು. ಆದರೆ ಅರ್ಥಿಂಗ್ ಗುಂಡಿ ತೋಡಬೇಕಾದದ್ದು ಗೇಟಿನ ಪಕ್ಕ, ಮೀಟರಿನ ಕೆಳಗೆ. ಕಾಂಪೌಂಡು ಮನೆಯೊಳಗೆ ಸೇರುತ್ತದೋ ಇಲ್ಲವೋ ಎಂಬ ವಿವಾದಕ್ಕೆ ಆಸ್ಪದ ಕೊಡದೆ ಅವರು ಕುರ್ಚಿಯನ್ನು ರಸ್ತೆಗೆ ಒಯ್ದರು. ಅದನ್ನು ಹತ್ತಿ ಕಾಂಪೌಂಡ್ ಗೋಡೆಯ ಮೇಲೆ ತಲೆ ಕಾಣುವಂತೆ ನಿಂತು, "ಇನ್ನೂ ಆಳ", "ಇದ್ದಿಲು ಹಾಕಿ ಆಮೇಲೆ ಉಪ್ಪು", "ಸೋರಿಕೆಯಾದ ತಕ್ಷಣ ಕರೆಂಟ್ ಕಡಿಯೋ ಬ್ರೇಕರ್ ಮೈನ್‌ನಲ್ಲಿ ಹಾಕು, ಇಲ್ಲಿಂದಲೇ ಕಾಣ್ತಿದೆ ನನಗೆ" ಎಂದು ಹೇಳಿದರು. ದಾರಿಹೋಕರು ಈಕೆ ಯಾರನ್ನೋ ಬಾವಿಯಿಂದ ಎತ್ತಿಸುತ್ತಿದ್ದಾರೆ ಎಂದು ಇಣುಕಿ ಹೋದರು.

"ಅಮ್ಮಾವ್ರೇ, ಒಳಗೆ ಬಂದು ಹೇಳಬಾರದಾ? ಬಿಸಿಲು" ಎಂದ ಸಿಗ್ನಲ್, ಗುಂಡಿಯೊಳಗಿಂದ.

"ಒಳಗೆ ಬಂದ್ರೆ ಮಾತು ನಿಲ್ಲುತ್ತೆ. ಯೋಚನೆ ಮಾಡಿ ಹೇಳು."

ಸಿಗ್ನಲ್ ಯೋಚಿಸಿದ. ಆಶ್ಚರ್ಯವೆಂದರೆ, "ಅಲ್ಲೇ ಇರಿ, ಎಷ್ಟು ಆಳ ಅಂತ ಹೇಳಿ ಮೊದಲು" ಎಂದ.

ಶನಿವಾರ ಸಂಜೆ ಅತ್ತೆ ಅಡುಗೆಮನೆಯ ಪ್ರತಿಯೊಂದು ಪ್ಲಗ್ಗಿಗೂ ದೀಪ ಹಿಡಿದರು. ಮೇಲಿನ ತೂತಿಗೆ ಹಿಡಿದಾಗ ಒಂದೊಂದು ಕಡೆಯೂ ಬಲ್ಬು ಪಕ್ಕನೆ ಹೊತ್ತಿಕೊಳ್ಳುತ್ತಿತ್ತು, ಮರುಕ್ಷಣವೇ ಹೊಸ ಬ್ರೇಕರ್ ಟಕ್ಕೆಂದು ಬಿದ್ದು ಮನೆಯೇ ಕತ್ತಲಾಗುತ್ತಿತ್ತು. ಅತ್ತೆ ಒಂದು ಮಾತೂ ಆಡದೆ ನಕ್ಕರು. ಪ್ರತಿ ಸಲ ಬ್ರೇಕರ್ ಎತ್ತಲು ಓಡುತ್ತಿದ್ದ ಅಳಿಯನೂ ನಕ್ಕ.

ಭಾನುವಾರ ಮಗಳು ಬಂದಳು. ಸೂಟ್‌ಕೇಸ್ ಕೈಯಲ್ಲೇ ಹಿಡಿದು ಅಡುಗೆಮನೆಗೆ ನಡೆದಳು. ಸಿಂಕ್ ಗೋಡೆಗೆ ಕೂತಿತ್ತು, ಪ್ಲಗ್ಗುಗಳು ಅದರಿಂದ ದೂರ ಸರಿದಿದ್ದವು, ಒಲೆ ಒಲೆಯ ಜಾಗದಲ್ಲಿತ್ತು. ಕಿಟಕಿಯ ಕೆಳಗೆ ಎರಡು ಟೈಲ್ಸ್ ಮಾತ್ರ ಬಾಕಿ ಇದ್ದವು. ಅವಳು ಸೂಟ್‌ಕೇಸ್ ಕೆಳಗಿಟ್ಟು ಮಿಕ್ಸಿ ಹಾಕಿ, ಅದು ತಿರುಗುವುದನ್ನು ಸುಮ್ಮನೆ ನೋಡುತ್ತ ನಿಂತಳು.

"ಅಮ್ಮ ನಿಜವಾಗ್ಲೂ ಮಾತಾಡ್ಲಿಲ್ವಾ ರೀ?"

"ಈ ಮನೆಯೊಳಗೆ ಕೆಲಸದವರ ಹತ್ರ ಒಂದೇ ಒಂದು ಮಾತೂ ಆಡ್ಲಿಲ್ಲ" ಎಂದ ಅಳಿಯ. ಅದು ಅಕ್ಷರಶಃ ಸತ್ಯವಾಗಿತ್ತು.

ಮಗಳು ಅಮ್ಮನನ್ನು ಅನುಮಾನದಿಂದ ನೋಡಿದಳು. ಆಮೇಲೆ ಅವಳ ಕಣ್ಣು ಬಾಗಿಲ ಹಿಂದೆ ಹೋಯಿತು. ಏಣಿಯ ಬದಲು ಅಲ್ಲಿ ಒಂದು ಡ್ರಿಲ್ಲಿಂಗ್ ಮೆಷಿನ್ ಇತ್ತು.

"ಇದ್ಯಾರದು?"

"ಎರಡು ಟೈಲ್ಸ್ ಬಾಕಿ ಇದೆಯಲ್ಲ" ಎಂದ ಅಳಿಯ. "ಕಂಟ್ರಾಕ್ಟರ್‌ದು. ನನ್ನ ಮೆಷಿನ್ ಇಲ್ಲೇ ಇದೆಯಲ್ಲ ಸಾರ್, ಬಿಟ್ಟು ಎಲ್ಲಿಗೆ ಹೋಗ್ಲಿ ಅಂತ ಬಿಟ್ಟುಹೋದ."

ಅತ್ತೆ ಬಂದು ಬಗ್ಗಿ ಮೆಷಿನ್ನಿನ ಹಿಡಿ ತಿರುಗಿಸಿ ನೋಡಿದರು. ಹಿಡಿಯ ಮೇಲೆ ಯಾರದೋ ಮನೆ ನಂಬರು ಬರೆದಿತ್ತು, ಮುಖ್ಯ ರಸ್ತೆಯ ಆಚೆಯದು. ಅವರ ಮುಖ ಅರಳಿತು. ಒಳಗೆ ಹೋಗಿ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಂದರು.

"ಎಲ್ಲಿಗಮ್ಮಾ ಈಗ? ನಾನು ಈಗ ತಾನೆ ಬಂದಿದ್ದೀನಿ."

"ನೀನು ಟೀಗೆ ನೀರಿಡು. ಪಾಪ, ಆ ಮನೆಯವರು ಮೆಷಿನ್ ಹುಡುಕ್ತಿರ್ತಾರೆ. ಕೊಟ್ಟು ಬರ್ತೀನಿ" ಎಂದು ಅತ್ತೆ ರಬ್ಬರ್ ಚಪ್ಪಲಿಗೆ ಕಾಲು ತೂರಿಸಿದರು.