ಖಾಲಿ ತೊಟ್ಟಿಲಿನ ಶಾಟ್

ಹಿರೇನಲ್ಲೂರಿನ ಶಿವಮೂರ್ತಪ್ಪನ ಮನೆಯಲ್ಲಿ ಸಿನಿಮಾ ಶೂಟಿಂಗ್ ನಡೆದದ್ದು ೧೯೭೮ರ ಚಳಿಗಾಲದಲ್ಲಿ. ದೆವ್ವದ ಚಿತ್ರ, ಕಪ್ಪು ಬಿಳುಪು. ನಿರ್ದೇಶಕ ದೇವೀರಪ್ಪ ತರೀಕೆರೆಯವರು. ಮದರಾಸಿನಲ್ಲಿ ಬಹಳ ವರ್ಷ ಸಹಾಯಕರಾಗಿ ದುಡಿದು ಮೊದಲ ಸಲ ಸ್ವಂತವಾಗಿ ಚಿತ್ರ ಮಾಡುತ್ತಿದ್ದರು. ಉಳಿದ ಕೆಲಸವೆಲ್ಲ ಮುಗಿದು ಆರಂಭದ ದೃಶ್ಯವೊಂದೇ ಬಾಕಿ ಇತ್ತು. ಅದಕ್ಕೆ ಎತ್ತರದ ತೊಲೆಯಿರುವ ಹಳೆಯ ಮನೆ ಬೇಕು ಎಂದು ಅವರು ಹುಡುಕುತ್ತಿದ್ದಾಗ, ಕಡೂರಿನ ಕೊಬ್ಬರಿ ಮಂಡಿಯಲ್ಲಿ ಪರಿಚಯವಾದ ಶಿವಮೂರ್ತಪ್ಪ ತನ್ನ ಮನೆಯನ್ನೇ ಕೊಡುವುದಾಗಿ ಮಾತು ಕೊಟ್ಟ. ದೃಶ್ಯದಲ್ಲಿ ಏನಿರುತ್ತದೆ ಎಂದು ಅವನು ಕೇಳಲಿಲ್ಲ. ತಾಯಿ ತೀರ್ಥಮ್ಮನನ್ನೂ ಕೇಳಲಿಲ್ಲ.

ದೃಶ್ಯದಲ್ಲಿದ್ದುದು ಒಂದು ತೊಟ್ಟಿಲು. ನಡುಮನೆಯ ತೊಲೆಗೆ ಕಟ್ಟಿದ, ಒಳಗೆ ಮಗುವಿಲ್ಲದ ತೊಟ್ಟಿಲು ತಾನಾಗಿ ತೂಗಬೇಕಿತ್ತು.

ಶಿವಮೂರ್ತಪ್ಪನ ಹೆಂಡತಿ ಸುಲೋಚನ ಆಗ ಬಸುರಿ, ನಾಲ್ಕು ತುಂಬಿತ್ತು. ಮುಂಚಿನ ಎರಡು ಮಕ್ಕಳು ಹುಟ್ಟಿ ಉಳಿದಿರಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಕೇಡು ಎಂಬುದನ್ನು ಆ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಗುವನ್ನು ಎತ್ತಿಕೊಂಡ ತಾಯಿ ಇನ್ನೊಂದು ಕೈಯಿಂದ ತೊಟ್ಟಿಲನ್ನು ಹಿಡಿದು ನಿಲ್ಲಿಸಿಯೇ ಆಚೆ ಹೋಗುತ್ತಾಳೆ.

ವಿಷಯ ತಿಳಿದ ತೀರ್ಥಮ್ಮ ನಡುಮನೆಗೆ ಬಂದು, ತೊಲೆಗೆ ಕಟ್ಟಿದ್ದ ತಮ್ಮ ಮನೆಯದೇ ತೊಟ್ಟಿಲ ಹಗ್ಗ ಹಿಡಿದು ನಿಂತರು. ನಮ್ಮ ಕಡೆಯವರಾಗಿ ನಿಮಗಿದು ಗೊತ್ತಿಲ್ಲವೇ ಎಂದು ದೇವೀರಪ್ಪನವರನ್ನು ಕೇಳಿದರು.

“ಗೊತ್ತಿರೋದಕ್ಕೇ ಇಟ್ಕೊಂಡಿದ್ದೀನಿ ಕಣಮ್ಮ. ನಮ್ಮವ್ವ ಹಾವು ಕಂಡ್ರೂ ಹೆದರ್ತಿರಲಿಲ್ಲ. ಬರಿ ತೊಟ್ಟಿಲು ಅಲ್ಲಾಡಿದ್ರೆ ಮಾತ್ರ ಒಲೆ ಮೇಲಿರೋದನ್ನೂ ಬಿಟ್ಟು ಓಡಿಬಂದು ಹಿಡ್ಕೋತಿದ್ಲು.”

“ಹಂಗಾದ್ರೆ ನಾನೂ ಹಿಡ್ಕೊಂಡೇ ಇರ್ತೀನಿ. ನೀವು ಅದೇನ್ ತೆಗೀತೀರೋ ತೆಗೀರಿ.”

ಲೈಟ್ ಹಿಡಿದು ನಿಂತಿದ್ದವರು ನಕ್ಕರು. ತೀರ್ಥಮ್ಮ ನಗಲಿಲ್ಲ, ಹಗ್ಗವನ್ನೂ ಬಿಡಲಿಲ್ಲ. ಶಿವಮೂರ್ತಪ್ಪ ಒಮ್ಮೆ ತಾಯಿಯ ಮುಖ, ಒಮ್ಮೆ ಬಾಗಿಲಲ್ಲಿ ನಿಂತ ಜನರೇಟರ್ ವ್ಯಾನನ್ನು ನೋಡಿ, ಮಾತು ಕೊಟ್ಟಾಗಿದೆಯಲ್ಲ ಎಂದು ಗೊಣಗಿದ.

ದಾರಿ ಹುಡುಕಿದ್ದು ತೀರ್ಥಮ್ಮನೇ. ಹೆಸರಿಡುವ ದಿನ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗುವ ಪದ್ಧತಿ ಇದೆ. ಅಂದು ಆ ಕಲ್ಲನ್ನು ಗುಂಡಪ್ಪ ಎಂದು ಕರೆಯುತ್ತಾರೆ. ಗುಂಡಪ್ಪ ಮಲಗಿದ್ದರೆ ತೊಟ್ಟಿಲು ಖಾಲಿ ಅಲ್ಲ, ಹಾಗಿದ್ದರೆ ತೂಗಬಹುದು ಎಂದರು. ದೇವೀರಪ್ಪ ಒಪ್ಪಿದರು. ತೀರ್ಥಮ್ಮ ಕಲ್ಲನ್ನು ತೊಳೆದು, ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ, ತಲೆಗೆ ಕುಲಾವಿಯನ್ನೂ ಹಾಕಿ ಮಲಗಿಸಿದರು.

ಚಿತ್ರೀಕರಣ ನಡೆದದ್ದು ಹಗಲಿನಲ್ಲೇ. ಊರಿನ ಮನೆಗಳಿಂದ ಕರಿ ಕಂಬಳಿಗಳನ್ನು ತಂದು ಕಿಟಕಿ ಬಾಗಿಲುಗಳಿಗೆ ಇಳಿಬಿಟ್ಟರು. ನಡುಮನೆಯಲ್ಲಿ ಇರುಳಾಯಿತು. ಹಿತ್ತಲಿನಲ್ಲಿ ಮಾತ್ರ ಕೋಳಿಗಳು ಬಿಸಿಲಲ್ಲಿ ಕೆದಕುತ್ತಿದ್ದವು.

ಮೊದಲು ಶಬ್ದವನ್ನು ಹಿಡಿದರು. ಬರಿ ತೊಟ್ಟಿಲಾಗಿದ್ದರೆ ಹಗುರವಾಗಿ ಲಟಪಟ ಎನ್ನುತ್ತಿತ್ತು. ಕಲ್ಲಿನ ಭಾರಕ್ಕೆ ಹಗ್ಗ ಬಿಗಿದು, ತೊಲೆಗೆ ಸುತ್ತಿದ ಗಂಟು ಪ್ರತಿ ತೂಗಿಗೂ ಕೆಳದನಿಯಲ್ಲಿ ನರಳಿತು. ರೆಕಾರ್ಡಿಂಗ್‌ನವನು ಕಿವಿಗೆ ಹಾಕಿದ್ದನ್ನು ತೆಗೆಯದೆ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದ.

ಸುಲೋಚನ ಅಡುಗೆಮನೆಯ ಬಾಗಿಲ ಬಳಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಬಿಡುವಿನಲ್ಲಿ ದೇವೀರಪ್ಪ ಅವಳಿಗೆ ದೃಶ್ಯವನ್ನು ವಿವರಿಸಿದರು. ಮೊದಲು ತೆರೆ ಪೂರ್ತಿ ಕಪ್ಪು, ಈ ಶಬ್ದವೊಂದೇ ಕೇಳುತ್ತದೆ. ಸಂಗೀತ ಇಲ್ಲ. ಆಮೇಲೆ ತೊಲೆಯ ಮೇಲಿನ ಗಂಟು. ಅದಾದ ಮೇಲೆ ಗೋಡೆಯ ಮೇಲೆ ಹೋಗಿ ಬರುವ ನೆರಳು. ನಂತರ ನೆಲದಿಂದ ನೋಡಿದಂತೆ ತೊಟ್ಟಿಲಿನ ತಳ. ಪ್ರತಿ ಶಾಟನ್ನೂ ಜನ ಸಹಿಸುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತೇನೆ ಎಂದರು. ಎಲ್ಲಕ್ಕೂ ಕೊನೆಯಲ್ಲಿ, ಮೇಲಿನಿಂದ, ತೊಟ್ಟಿಲಿನ ಒಳಗೆ.

“ತೋರಿಸಿದ್ದಕ್ಕೆ ಯಾರೂ ಹೆದರಲ್ಲ ಕಣಮ್ಮ. ತೋರಿಸೋದನ್ನ ತಡ ಮಾಡ್ಬೇಕು. ಅಷ್ಟರಲ್ಲಿ ಅವರೇ ಒಳಗೆ ಏನೇನೋ ಮಲಗಿಸಿರ್ತಾರೆ.”

ಒಳಗೆ ಗುಂಡಪ್ಪ ಇದ್ದಾನಲ್ಲ, ಕೊನೆಯದನ್ನು ಹೇಗೆ ತೆಗೆಯುತ್ತೀರಿ ಎಂದು ಅವಳು ಕೇಳಿದಳು. ದೇವೀರಪ್ಪ ಎದ್ದು ಹೋಗಿ ಕ್ಯಾಮೆರಾಮನ್ ಜೊತೆ ಮಾತಾಡಿದರು. ತೀರ್ಥಮ್ಮ ಎರಡೂ ಕೈಯಲ್ಲಿ ತೊಟ್ಟಿಲನ್ನು ಹಿಡಿದುಕೊಂಡರು, ಶಿವಮೂರ್ತಪ್ಪ ಕಲ್ಲನ್ನು ಎತ್ತಿದ. ತೊಟ್ಟಿಲು ಕದಲದಂತೆ ನಾಲ್ಕು ಕಡೆಯಿಂದಲೂ ಕಂಬಗಳಿಗೆ ಎಳೆದು ಕಟ್ಟಿದರು. ಪಕ್ಕದ ತೊಲೆಯಿಂದ ಒಂದು ಹಲಗೆಯನ್ನು ಉಯ್ಯಾಲೆಯಂತೆ ಇಳಿಬಿಟ್ಟು, ಕ್ಯಾಮೆರಾಮನ್ ಅದರ ಮೇಲೆ ಬೋರಲು ಮಲಗಿದ. ಇಬ್ಬರು ಹಲಗೆಯನ್ನು ತೂಗಿದರು. ಕೆಳಗಿನ ನೆಲ ಕಂಡರೆ ಗುಟ್ಟು ಬಯಲಾಗುತ್ತದೆಂದು ಅಲ್ಲಿಗೂ ಕರಿ ಕಂಬಳಿ ಹಾಸಿದ್ದರು. ತೂಗಿದ್ದು ಕ್ಯಾಮೆರಾ. ತೊಟ್ಟಿಲು ನಿಂತಲ್ಲೇ ನಿಂತಿತ್ತು. ಸುಲೋಚನ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಅಂದು ಅವಳಿಗೆ ಒಳ್ಳೆಯ ನಿದ್ದೆ ಬಂತು.

ಅವಳಿಗೆ ಒಂಬತ್ತನೇ ತಿಂಗಳು ಬಿದ್ದಾಗ ಚಿತ್ರ ಕಡೂರಿನ ಟಾಕೀಸಿಗೆ ಬಂತು. ತಮ್ಮೂರಿನ ಮನೆ ಕಾಣುತ್ತದೆಂದು ಹಿರೇನಲ್ಲೂರಿನವರು ಬಸ್ಸಿನಲ್ಲಿ ಕಿಕ್ಕಿರಿದು ಹೋದರು. ಹೋಗಿ ಬಂದ ಹೆಂಗಸರು ಶಿವಮೂರ್ತಪ್ಪನ ಮನೆಯ ಕಡೆ ಬರುವುದನ್ನು ಕಡಿಮೆ ಮಾಡಿದರು. ದ್ಯಾವಮ್ಮ ಎಂಬಾಕೆ ಮಾತ್ರ, ಬಸುರಿಯನ್ನು ಮನೆಯಲ್ಲಿಟ್ಟುಕೊಂಡು ಹೀಗೆ ಮಾಡಬಾರದಿತ್ತು ಎಂದು ತೀರ್ಥಮ್ಮನ ಮುಖಕ್ಕೇ ಹೇಳಿದಳು. ತೂಗಿದ್ದು ತೊಟ್ಟಿಲಲ್ಲ, ಕ್ಯಾಮೆರಾ ಎಂದು ತೀರ್ಥಮ್ಮ ಸಿಕ್ಕವರಿಗೆಲ್ಲ ವಿವರಿಸಿದರು. ಕೇಳಿದವರು ತಲೆಯಾಡಿಸಿ ತಮ್ಮ ದಾರಿ ಹಿಡಿಯುತ್ತಿದ್ದರು.

ಸುಲೋಚನ ಚಿತ್ರ ನೋಡಲೇಬೇಕು ಎಂದುಕೊಂಡಳು. ಒಂದೊಂದು ಶಾಟನ್ನೂ ಹೇಗೆ ತೆಗೆದರೆಂದು ಅವಳಿಗೆ ಗೊತ್ತಿತ್ತು. ನೋಡುತ್ತ ಅದನ್ನು ನೆನೆಸಿಕೊಂಡರೆ ಊರಿನವರ ಮಾತು ತನಗೆ ತಾಗದು ಎಂಬುದು ಅವಳ ಲೆಕ್ಕ. ಆಸ್ಪತ್ರೆಗೆ ತೋರಿಸಿಕೊಂಡು ಬರುವುದಾಗಿ ಅತ್ತೆಗೆ ಹೇಳಿ, ಸೂಲಗಿತ್ತಿ ಹಾಲಮ್ಮನನ್ನು ಜೊತೆಗೆ ಕರೆದುಕೊಂಡು ಮ್ಯಾಟಿನಿಗೆ ಹೋದಳು.

ದೀಪಗಳು ಆರಿದವು. ತೆರೆ ಕಪ್ಪಗಿತ್ತು. ಕತ್ತಲಲ್ಲಿ ಹಗ್ಗ ನರಳಿತು.

ಇದು ಗುಂಡಪ್ಪನ ಭಾರ ಎಂದು ಸುಲೋಚನ ಮನಸ್ಸಿನಲ್ಲೇ ಹೇಳಿಕೊಂಡಳು. ಗಂಟು ಕಂಡಿತು. ಅದು ತನ್ನ ಗಂಡ ಹಾಕಿದ ಗಂಟು. ನೆರಳು ಗೋಡೆಯ ಮೇಲೆ ಹೋಗಿ ಬಂತು. ಆ ಗೋಡೆಗೆ ದೀಪಾವಳಿಯಲ್ಲಿ ಸುಣ್ಣ ಹೊಡೆದವಳು ತಾನು. ತೊಟ್ಟಿಲಿನ ತಳ ಕಂಡಿತು. ಅದು ಹೋಗುತ್ತಿತ್ತು, ಬರುತ್ತಿತ್ತು, ತೆರೆಯಿಂದ ಮರೆಯಾಗುತ್ತಲೇ ಇರಲಿಲ್ಲ. ಹೆಂಗಸರ ಕಡೆ ಒಂದು ಕೆಮ್ಮೂ ಕೇಳಲಿಲ್ಲ. ಆ ಹೊತ್ತಿಗೆ ಅವಳಿಗೆ ಕಂಬಳಿ, ಹಲಗೆ, ಲೈಟು ಯಾವುದೂ ನೆನಪಿಗೆ ಬರುತ್ತಿರಲಿಲ್ಲ. ಒಳಗೆ ಏನಿದೆ ಎಂಬುದೊಂದೇ ಉಳಿದಿತ್ತು.

ಮೇಲಿನಿಂದ ಒಳಗು ಕಂಡಿತು. ಏನೂ ಇರಲಿಲ್ಲ. ಖಾಲಿ ತೊಟ್ಟಿಲು ತೂಗುತ್ತಿತ್ತು.

ಅದನ್ನು ಯಾರಾದರೂ ಹಿಡಿಯಿರಿ ಎಂದು ಹಿಂದಿನಿಂದ ಯಾರೋ ಮುದುಕಿ ಗಟ್ಟಿಯಾಗಿಯೇ ಹೇಳಿದಳು. ಯಾರೂ ನಗಲಿಲ್ಲ. ಸುಲೋಚನಳ ಬಲಗೈ ಮುಂದಕ್ಕೆ ಚಾಚಿ, ಎದುರಿನ ಬೆಂಚಿನ ಬೆನ್ನಿಗೆ ಬಡಿದು ನಿಂತಿತು.

ಇಬ್ಬರೂ ಅಲ್ಲಿಂದಲೇ ಎದ್ದು ಬಂದರು. ಬಸ್ ನಿಲ್ದಾಣದ ನೆರಳಲ್ಲಿ ಕುಳಿತಾಗ ಸುಲೋಚನ, ಹಲಗೆಯಿಂದ ಕಂಬಳಿಯವರೆಗೆ ಎಲ್ಲವನ್ನೂ ಹಾಲಮ್ಮನಿಗೆ ಹೇಳಿದಳು.

“ತೊಟ್ಟಿಲು ಅಲ್ಲಾಡ್ಲಿಲ್ಲ ಹಾಲಮ್ಮ. ನಾನೇ ಕಣ್ಣಾರೆ ನೋಡಿದ್ದೀನಿ.”

“ನಾನೂ ಈಗ ಕಣ್ಣಾರೆ ನೋಡಿದ್ನಲ್ಲವ್ವ.”

“ಅದು ಸಿನಿಮಾ ಕಣೇ.”

“ಆಯ್ತು, ಸಿನಿಮಾನೇ. ಮತ್ಯಾಕವ್ವ ಹಿಡಿಯೋಕೆ ಕೈ ಚಾಚ್ದೆ?”

ಸುಲೋಚನ ಬಸ್ಸು ಬರುವವರೆಗೂ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಮಗು ಹೊರಳುವುದನ್ನು ಕಾದಳು. ಬಸ್ಸು ಕಡೂರು ದಾಟಿದ ಮೇಲೆ ಅದು ಹೊರಳಿತು.

ಹೆರಿಗೆ ಅಜ್ಜಂಪುರದ ತವರಿನಲ್ಲಾಯಿತು. ಹೆಣ್ಣು ಮಗು, ಚೆನ್ನಾಗಿ ಅತ್ತಿತು, ಚೆನ್ನಾಗಿ ಹಾಲು ಕುಡಿಯಿತು, ಉಳಿಯಿತು. ಐದು ತಿಂಗಳಿಗೆ ಬಾಣಂತನ ಮುಗಿಸಿ ಹಿರೇನಲ್ಲೂರಿಗೆ ಬರುವಾಗ, ಕಡೂರಿನಲ್ಲಿ ಹೊಸ ತೊಟ್ಟಿಲು ಕೊಳ್ಳೋಣವೆಂದು ಶಿವಮೂರ್ತಪ್ಪ ಹೇಳಿದ. ತೀರ್ಥಮ್ಮ ಒಪ್ಪಲಿಲ್ಲ. ಬೇರೆ ತೊಟ್ಟಿಲು ತಂದರೆ ತಪ್ಪು ಮಾಡಿದ್ದೇವೆಂದು ನಾವೇ ಒಪ್ಪಿಕೊಂಡಂತೆ ಎಂಬುದು ಅವರ ವಾದ. ಅದೇ ತೊಟ್ಟಿಲನ್ನು ಅದೇ ತೊಲೆಗೆ ಕಟ್ಟಿಸಿ, ಊರಿನ ಮುತ್ತೈದೆಯರನ್ನು ಕರೆಸಿದರು. ಎಲ್ಲರೂ ಬಂದರು. ಬಂದವರು ಹಗ್ಗ ಮುಟ್ಟುವ ಮೊದಲು, ಒಬ್ಬರಾದ ಮೇಲೊಬ್ಬರು, ಬಗ್ಗಿ ಒಳಗೆ ನೋಡಿದರು. ಮಗು ನೋಡುವುದು ಯಾವಾಗಲೂ ಇದ್ದದ್ದೇ. ಆದರೆ ಯಾರೂ ಮಗುವಿನ ಗಲ್ಲ ಮುಟ್ಟಿ ಮಾತಾಡಿಸಲಿಲ್ಲ. ನೋಡಿ, ಇದೆ ಎಂದು ಖಾತ್ರಿ ಮಾಡಿಕೊಂಡು, ತೂಗಿದರು.

ಮಾರನೆಯ ಮಧ್ಯಾಹ್ನ ಸುಲೋಚನ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತೊಟ್ಟಿಲಿಗೆ ಕಟ್ಟಿದ ಉದ್ದನೆಯ ದಾರ ಕಾಲಿನ ಹೆಬ್ಬೆರಳಿನಲ್ಲಿತ್ತು, ಕೂತಲ್ಲಿಂದಲೇ ತೂಗುತ್ತಿದ್ದಳು. ಅಲ್ಲಿಂದ ತೊಟ್ಟಿಲು ಕಾಣುತ್ತಿರಲಿಲ್ಲ. ಶಬ್ದ ಕೇಳುತ್ತಿತ್ತು. ಕತ್ತು ಚಾಚಿದರೆ ತೊಲೆಯ ಮೇಲಿನ ಗಂಟು, ಇನ್ನೂ ಚಾಚಿದರೆ ಗೋಡೆಯ ಮೇಲಿನ ನೆರಳು. ಅವಳು ಎದ್ದು ಹೋಗಿ ತೊಟ್ಟಿಲನ್ನು ಹಿಡಿದು ನಿಲ್ಲಿಸಿ ಒಳಗೆ ನೋಡಿದಳು. ಮಗು ಮಲಗಿತ್ತು. ಬಂದು ಕುಳಿತಳು. ಶಬ್ದ ಶುರುವಾಯಿತು. ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಮತ್ತೆ ಎದ್ದಳು.

ಹೀಗೆ ಎದ್ದು ಕೂತು ಸಂಜೆಯಾಯಿತು. ಮಗುವಿಗೆ ಎಚ್ಚರವಾಗಿತ್ತು. ತೊಟ್ಟಿಲು ನಿಂತೊಡನೆ ಅಮ್ಮನ ಮುಖ ಮೇಲೆ ಕಾಣುವುದನ್ನು ಅದು ಆಟ ಎಂದುಕೊಂಡಿತು. ಪ್ರತಿ ಸಲವೂ ಕೈಕಾಲು ಬಡಿದು ನಕ್ಕಿತು. ಅವಳು ಅದರ ನಗುವನ್ನು ಸ್ವಲ್ಪ ಹೊತ್ತು ನೋಡಿ, ಕೈ ತೆಗೆದು, ಒಳಗೆ ಹೋಗುತ್ತಿದ್ದಳು. ಶಬ್ದ ಶುರುವಾಗುತ್ತಿತ್ತು.