ಒಂದು ಅಂಕಿ ಸುಳ್ಳು ಹೇಳುತ್ತದೆ

"ಬಿಗಿಯಾಗಿ ಹಿಡ್ಕಳವ್ವ, ಜಾರ್ತೈತೆ" ಎಂದರು ಅಯ್ನೋರು.

ಭವ್ಯ ದಾರದ ತುದಿಯನ್ನು ಅಪ್ಪನ ಹಿಮ್ಮಡಿಗೆ ಒತ್ತಿ ಹಿಡಿದಳು. ಮಣ್ಣಿನ ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ನೋರು ಅದನ್ನು ಹೆಬ್ಬೆರಳಿನ ತುದಿಯವರೆಗೆ ಎಳೆದು ಗಂಟು ಹಾಕಿದರು. ಗುಣಿ ತೋಡುವವರಿಗೆ ಕೊಡಬೇಕಾದ ಅಳತೆ ಅದು. ಸತ್ತವರ ಪಾದದಲ್ಲೇ ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಅಂಗಡಿಯ ಟೇಪು ನಡೆಯುವುದಿಲ್ಲ.

"ಒಂಬತ್ತಾ?" ಮೂಲೆಯಲ್ಲಿ ಕೂತಿದ್ದ ಅಮ್ಮ ದಾಕ್ಷಾಯಣಮ್ಮ ತಲೆ ಎತ್ತಿದರು. "ಅಲ್ಲೂ ಒಂಬತ್ತೇನಾ? ಹಂಗಾದ್ರೆ ಇವ್ರು ಖುಷಿಯಾಗೇ ಹೋಗ್ತಾರೆ ಬುಡಿ."

ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಪರ್ವತಯ್ಯನವರನ್ನು ವಿಭೂತಿ ಬಳಿದು, ಪೇಟ ಕಟ್ಟಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಬದುಕಿದ್ದಾಗ ಒಂದು ದಿನವೂ ಪೇಟ ಕಟ್ಟಿದವರಲ್ಲ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಆದರೆ ಸುತ್ತಲಿನ ತಾಲ್ಲೂಕುಗಳಲ್ಲಿ ಅವರನ್ನು ಬಲ್ಲವರಿಗೆ ಅವರು ಸುಡೊಕು ಕಟ್ಟುವ ಕಂಟ್ರೋಲರು.

"ದಾರ ಇವಳ ಕೈಗೆ ಯಾಕೆ ಕೊಟ್ರಿ?"

ಬಾಗಿಲಲ್ಲಿ ಬಸವೇಶ್ ನಿಂತಿದ್ದ. ಪರ್ವತಯ್ಯನವರ ತಮ್ಮ, ಭವ್ಯಳ ಚಿಕ್ಕಪ್ಪ. ಐ.ಡಿ.ಹಳ್ಳಿಯಿಂದ ಬೆಳಿಗ್ಗೆಯೇ ಬಂದಿದ್ದರೂ ಈವರೆಗೆ ಅವಳ ಮುಖ ನೋಡಿರಲಿಲ್ಲ.

"ಮಗಳಲ್ವೇನಪ್ಪ" ಎಂದರು ಅಯ್ನೋರು.

"ಮಗಳು! ಆಪರೇಷನ್ ಬ್ಯಾಡ ಅಂತ ಆಸ್ಪತ್ರೇಲಿ ರುಜು ಹಾಕಿ ಮನೆಗೆ ಕರ್ಕಂಬಂದ ಮಗಳು. ಅಳತೆ ಹಿಡ್ದಿದ್ದು ಹಿಡ್ದಾಯ್ತು. ಮಣ್ಣು ಹಾಕಕ್ಕೆ ಮಾತ್ರ ಬುಡಲ್ಲ ನಾನು."

"ಅಪ್ಪನೇ ಬೇಡ ಅಂದ್ರು ಚಿಕ್ಕಪ್ಪ."

"ಅಣ್ಣ ಅಂದ್ನಾ, ಅವನ ತಲೇಲಿದ್ದ ಗೆಡ್ಡೆ ಅಂತಾ? ಮಾತಾಡಿದ್ದು ಯಾರು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

ಭವ್ಯ ದಾರವನ್ನು ಸುತ್ತಿ ಅಯ್ನೋರ ಕೈಗೆ ಕೊಟ್ಟಳು. ತುಮಕೂರಿನಿಂದ ವಾಪಸು ಬಂದ ದಿನದಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ.

* * *

ಬಸ್ಸು ತಡವಾದರೆ ಜನ ಬೈಯುವುದು ಡ್ರೈವರನ್ನಲ್ಲ, ಕಂಟ್ರೋಲರನ್ನು. ಆ ಬೈಗುಳದಿಂದ ತಪ್ಪಿಸಿಕೊಳ್ಳಲು ಪರ್ವತಯ್ಯ ಕಂಡುಕೊಂಡ ಉಪಾಯ ಸುಡೊಕು. ಕಿಟಕಿಯ ಪಕ್ಕದ ಬೋರ್ಡಿನಲ್ಲಿ ಚಾಕ್‌ಪೀಸಿನಿಂದ ಒಂದು ದೊಡ್ಡ ಚೌಕ ಬರೆಯುತ್ತಿದ್ದರು. ಅಡ್ಡಸಾಲು, ಉದ್ದಸಾಲು, ಒಳಗಿನ ಚಿಕ್ಕ ಚೌಕ, ಯಾವುದನ್ನು ನೋಡಿದರೂ ಒಂದರಿಂದ ಒಂಬತ್ತರವರೆಗಿನ ಅಂಕಿ ಒಂದೊಂದು ಸಲ ಬರಬೇಕು, ಎರಡು ಸಲ ಬರಬಾರದು. ಕೆಲವು ಮನೆ ಅವರು ತುಂಬುತ್ತಿದ್ದರು, ಉಳಿದದ್ದು ಪ್ರಯಾಣಿಕರ ಪಾಲು. ಬೈಯಲು ಬಂದವರು ಬೋರ್ಡಿನ ಮುಂದೆ ನಿಂತುಬಿಡುತ್ತಿದ್ದರು. ಬಂದ ಬಸ್ಸನ್ನೂ ಬಿಟ್ಟು ನಿಂತವರುಂಟು.

ಪೇಪರಿನಲ್ಲಿ ಬರುವುದನ್ನೇ ಮೊದಮೊದಲು ಇಳಿಸಿದರು. ಅದು ಬೇಸರವಾಗಿ ತಾವೇ ಕಟ್ಟಲು ಹೊರಟರು. ಚೌಕದೊಳಗೆ ಒಂದು ವಕ್ರ ರಸ್ತೆ ಎಳೆದು, ಬಸ್ಸು ದಿಣ್ಣೆ ಹತ್ತಿದ ಹಾಗೆ ಆ ರಸ್ತೆಯ ಅಂಕಿಗಳು ಏರುತ್ತಲೇ ಹೋಗಬೇಕು ಎಂದರು. ಇನ್ನೊಂದಕ್ಕೆ 'ನಲ್ಲಿ ಜಗಳ' ಎಂದು ಹೆಸರು. ಅದರಲ್ಲಿ ನಾಲ್ಕರ ಪಕ್ಕದ ಮನೆಯಲ್ಲಿ ಮೂರಾಗಲಿ ಐದಾಗಲಿ ಕೂರುವಂತಿಲ್ಲ, ಕೂತರೆ ಜಗಳ. ಜೆರಾಕ್ಸ್ ಪ್ರತಿಗಳನ್ನು ಕಂಡಕ್ಟರುಗಳು ಶಿರಾಕ್ಕೆ, ಕೊರಟಗೆರೆಗೆ, ಪಾವಗಡಕ್ಕೆ ಒಯ್ದರು. ಆಮೇಲೆ ವಾಟ್ಸಾಪ್ ಬಂತು. 'ಒಂಬತ್ತು ಮನೆ' ಎಂಬ ಗ್ರೂಪಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹೊಸ ಚೌಕ ಬೀಳುತ್ತಿತ್ತು. ಒಬ್ಬರ ಮುಖ ಒಬ್ಬರು ಕಾಣದವರು ಅದರ ಮೇಲೆ ವಾರವಿಡೀ ಕಚ್ಚಾಡುತ್ತಿದ್ದರು.

ಭವ್ಯ ಒಂದನ್ನೂ ತುಂಬಿದವಳಲ್ಲ. ಪ್ರೈಮರಿ ಸ್ಕೂಲಿನ ಮೇಡಂ ಆದರೂ ಅಪ್ಪನ ಚೌಕ ಕಂಡರೆ ಅವಳಿಗೆ ರೇಗುತ್ತಿತ್ತು. ಊಟಕ್ಕೆ ಕೂತಾಗಲೂ ಅವರ ಬೆರಳು ತಟ್ಟೆಯ ಅಂಚಿನಲ್ಲಿ ಮನೆ ಎಣಿಸುತ್ತಿತ್ತು.

ತುಮಕೂರಿನ ಡಾಕ್ಟರು ಸ್ಕ್ಯಾನ್ ತೋರಿಸಿದಾಗ ಪರ್ವತಯ್ಯ ಕೇಳಿದ್ದು ಒಂದೇ ಮಾತು.

"ಕುಯ್ದು ತೆಗುದ್ರೆ ಲೆಕ್ಕ ಉಳೀತದಾ?"

"ಹೇಳೋಕಾಗಲ್ಲ. ಮಾತೂ ಹೋಗಬಹುದು. ಆದ್ರೆ ಇನ್ನೊಂದಷ್ಟು ಕಾಲ ಇರ್ತೀರಿ."

"ಇದ್ದು?"

ಪರ್ವತಯ್ಯ ಚಪ್ಪಲಿ ಮೆಟ್ಟಿಕೊಂಡರು. "ನಡಿ ಭವ್ಯ. ಊರಿಗೆ ಹೋಗಣ."

ಅವಳು ಆ ಮಾತು ಕೇಳಿದಳು, ರುಜು ಹಾಕಿ ಕರೆತಂದಳು. ಮನೆಗೆ ಬಂದ ಮೇಲೆ ಅಪ್ಪ ಕಾಫಿಗೆ ಉಪ್ಪು ಹಾಕಿಕೊಂಡರು. ಒಂದು ದಿನ ಅವಳನ್ನು "ಗಂಗಾಂಬಿಕಾ" ಎಂದು ಕರೆದರು. ಅದು ತೀರಿಹೋದ ಅವರ ಅಕ್ಕನ ಹೆಸರು. ಹಾಗಿದ್ದರೆ ಆಸ್ಪತ್ರೆಯಲ್ಲಿ ಬೇಡ ಎಂದವರು ಯಾರು?

* * *

ರುದ್ರಭೂಮಿಗೆ ಬಂದರೆ ಗುಣಿ ಇನ್ನೂ ಮುಗಿದಿರಲಿಲ್ಲ. ಕೆಳಗೆ ಬಂಡೆ ಸಿಕ್ಕಿತ್ತು. ಮಧುಗಿರಿಯಲ್ಲಿ ಎಲ್ಲಿ ಅಗೆದರೂ ಬೆಟ್ಟ ಕೈಗೆ ಸಿಗುತ್ತದೆ. ಹೆಣ ಕೂರಿಸಿ ಹೊತ್ತು ತಂದ ವಿಮಾನವನ್ನು ಬೇವಿನ ಮರದ ಕೆಳಗೆ ಇಳಿಸಿ ಎಲ್ಲರೂ ಹಾರೆಯ ಸದ್ದು ಕೇಳುತ್ತ ಕಾದರು.

ನೆಂಟರಿಂದ ದೂರ, ಬಿಸಿಲಲ್ಲಿ ಒಬ್ಬರು ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು.

"ಯಾರ್ ಸ್ವಾಮಿ ನೀವು?" ಬಸವೇಶ್ ಕೇಳಿದ.

"ಸಣ್ಣರಂಗಯ್ಯ ಅಂತ. ಪಾವಗಡ ತಾಲ್ಲೂಕಾಫೀಸಲ್ಲಿ ಗುಮಾಸ್ತ. ಇವ್ರು ಶಿರಾದ ನರ್ಸು, ಆಶಾರಾಣಿ ಮೇಡಂ. ನಾವು ಒಂಬತ್ತು ಮನೆಯೋರು."

ಆ ದನಿ ಕೇಳಿ ದಾಕ್ಷಾಯಣಮ್ಮ ತಿರುಗಿದರು. "ಓ, ಪಾವಗಡದೋರಾ! ಇವ್ರು ಫೋನ್ ಸ್ಪೀಕರಿಗೆ ಹಾಕಿದ್ರೆ ನಿಮ್ ಗಂಟಲು ಬೀದಿಗೆ ಕೇಳ್ತಿತ್ತು. ಅಲ್ಲ್ಯಾಕೆ ಬಿಸಿಲಲ್ಲಿ ನಿಂತೀರಿ? ನೆಳ್ಳಿಗೆ ಬನ್ನಿ."

ಸಣ್ಣರಂಗಯ್ಯ ನೆಂಟರ ಕಡೆ ಒಮ್ಮೆ ನೋಡಿದರು. "ಬನ್ನಿ ಅಂದೆ ಕಣಪ್ಪಾ" ಎಂದು ದಾಕ್ಷಾಯಣಮ್ಮ ಗದರಿದ ಮೇಲೆ ಬಂದು ಹಾರ ಹಾಕಿದರು. ಕಣ್ಣು ಒರೆಸಿಕೊಂಡರು. "ಏಮಿ ಮನಿಷಿ ಸ್ವಾಮಿ ಈಯನ, ಎಂಥಾ ಮನುಷ್ಯ! ಎಷ್ಟು ಭಾನುವಾರ ನನ್ನ ನಿದ್ದೆ ಕೆಡಿಸ್ದ."

"ಹೋದ ಭಾನುವಾರದ್ದೂ ಆಡುದ್ರಾ?" ಬಸವೇಶ್ ಕೇಳಿದ.

"ಆಡ್ದೆ."

"ಹೆಂಗಿತ್ತು?"

"ಚೆನ್ನಾಗಿತ್ತು."

"ಬಾಯ್ಮಾತು ಬ್ಯಾಡ. ಅವನ ಮುಂದೆ ನಿಂತಿದೀರಿ. ಇದ್ದಿದ್ದು ಹೇಳಿ."

ಸಣ್ಣರಂಗಯ್ಯ ಆಶಾರಾಣಿಯ ಕಡೆ ನೋಡಿದರು. ಆಕೆ ನೆಲ ನೋಡಿದಳು.

"ಸುಳ್ಳುಗಾರ ಹಾಕಿದ್ರು ಸ್ವಾಮಿ" ಎಂದರು ಮೆಲ್ಲಗೆ. "ಅಂದ್ರೆ, ಅವ್ರು ತುಂಬಿ ಕೊಟ್ಟಿರೋ ಅಂಕಿಗಳಲ್ಲಿ ಒಂದು ಸುಳ್ಳು ಇರ್ತದೆ. ಅದ್ಯಾವ್ದು ಅಂತ ನಾವು ಹಿಡೀಬೇಕು. ಮೇಲೆ ಬರೆದೂ ಬರೆದಿದ್ರು, ಒಂದು ಅಂಕಿ ಸುಳ್ಳು ಹೇಳುತ್ತದೆ ಅಂತ. ಹುಡುಕ್ದೆ, ಹುಡುಕ್ದೆ. ಸುಳ್ಳೇ ಇಲ್ಲ. ನೆಟ್ಟಗೆ ತುಂಬ್ತಾ ಹೋದ್ರೆ ಕೊನೇ ಮನೆವರೆಗೂ ಎಲ್ಲಾ ನಿಜ. ಮಕ್ಕಳ ಪುಸ್ತಕದ್ದು ಇದ್ದಂಗಿತ್ತು."

"ಅಂದ್ರೆ?"

"ಸುಳ್ಳು ಹಾಕೋದನ್ನೇ ಮರೆತವ್ರೆ ಪಾಪ. ಕಾಯಿಲೆ ಅಲ್ವಾ. ಗ್ರೂಪಲ್ಲಿ ನಾವ್ಯಾರೂ ಅದನ್ನ ಎತ್ತಲಿಲ್ಲ."

"ಬಿಲ್ಕುಲ್ ಎತ್ತಲಿಲ್ಲ" ಎಂದಳು ಆಶಾರಾಣಿ. "ಚೆನ್ನಾಗೈತೆ ಸಾರ್ ಅಂತ ಎಲ್ರೂ ಹೂವು ಕಳಿಸಿದ್ವಿ."

ಬಸವೇಶ್ ಭವ್ಯಳ ಕಡೆ ತಿರುಗಿದ. ಗೆದ್ದವನ ಮುಖವಲ್ಲ ಅದು.

"ಕೇಳ್ಸ್ಕಂಡ್ಯಾ? ತಾನೇ ಬರ್ದಿದ್ದು ತನಗೇ ನೆನಪಿರ್ಲಿಲ್ಲ ಅವನಿಗೆ. ಅಂಥೋನು ಬ್ಯಾಡ ಅಂದ, ನೀನು ಹ್ಞೂಂ ಅಂದೆ. ಕೈಕಾಲು ಕಟ್ಟಾದ್ರೂ ಆಪರೇಷನ್‌ಗೆ ಮಲಗಿಸ್ಬೇಕಿತ್ತು ಕಣೇ! ನಂಗಾದ್ರೂ ಒಂದು ಫೋನ್ ಮಾಡ್ಬೇಕಿತ್ತು!"

ಹಾರೆಯ ಸದ್ದು ನಿಂತಿತು. ಗುಣಿಯೊಳಗಿದ್ದವನು ತಲೆ ಎತ್ತಿ ನೋಡಿದ. ಭವ್ಯ ಬೇವಿನ ಮರಕ್ಕೆ ಕೈ ಕೊಟ್ಟು ನಿಂತಳು.

* * *

ಶನಿವಾರ ಸಂಜೆ ಅಪ್ಪ ಹಾಸಿಗೆಯಲ್ಲಿ ಕೂತು ಚೌಕ ಮುಗಿಸಿದ್ದರು. ಕೈ ನಡುಗಿ ಅಂಕಿಗಳು ಸೊಟ್ಟಗಾಗಿದ್ದವು.

"ಇದನ್ನ ದುಂಡಗೆ ಬರ್ದು ಫೋಟೋ ತೆಗ್ದು ಹಾಕ್ಬುಡವ್ವ" ಎಂದರು.

ಅವಳು ಊಟದ ಟೇಬಲ್ಲಿನಲ್ಲಿ ಕೂತು ಬರೆದುಕೊಂಡಳು. ಮೂರನೆಯ ಅಡ್ಡಸಾಲಿಗೆ ಬಂದಾಗ ಕೈ ನಿಂತಿತು. ಒಂದೇ ಸಾಲಿನಲ್ಲಿ ಎರಡು ಏಳು. ಒಂದು ಈ ತುದಿ, ಒಂದು ಆ ತುದಿ. ಸುಡೊಕು ಆಡದ ಅವಳಿಗೂ ಗೊತ್ತಿದ್ದ ಒಂದೇ ನಿಯಮ ಅದು, ಅಂಕಿ ಸಾಲಿನಲ್ಲಿ ಎರಡು ಸಲ ಬರಬಾರದು. ಸುಳ್ಳು ಎಂದು ಮೇಲೆ ಬರೆದದ್ದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ. ಇಷ್ಟು ಕಣ್ಣಿಗೆ ಹೊಡೆಯುವ ಹಾಗೆ ಅಪ್ಪ ಸುಳ್ಳು ಇಡುವವರಲ್ಲ, ಇದು ಕಾಯಿಲೆ ಬರೆಸಿದ್ದು ಎಂದುಕೊಂಡಳು. ನಾಳೆ ಆ ಪಾವಗಡದವನು ಗ್ರೂಪಿನಲ್ಲಿ ಎಲ್ಲರೆದುರು ಅಪ್ಪನನ್ನು ಆಡಿಕೊಳ್ಳುತ್ತಾನೆ. ಬಲತುದಿಯ ಏಳನ್ನು ಬರೆಯದೆ ಆ ಮನೆಯನ್ನು ಖಾಲಿ ಬಿಟ್ಟಳು.

ಬರೆದು ತಂದಾಗ ಅಪ್ಪ ಕನ್ನಡಕ ಹಾಕಿರಲಿಲ್ಲ. ಕಾಗದ ನೋಡಲಿಲ್ಲ, ಅವಳ ಮುಖವನ್ನೇ ನೋಡಿದರು.

"ಬರೀವಾಗ ನಿಂಗೇನೂ ಕಾಣ್ಲಿಲ್ವಾ?"

"ಇಲ್ಲಪ್ಪ. ಎಲ್ಲ ಸರಿಯಾಗಿದೆ."

"ಏನೂ? ಎಲ್ಲೂ ತಪ್ಪು ಅನ್ನಿಸ್ಲಿಲ್ವಾ?"

"ಇಲ್ಲಪ್ಪ, ಮಲಕ್ಕೊಳ್ಳಿ."

ಅಪ್ಪನ ಮುಖ ಸಪ್ಪಗಾಯಿತು. ಪಾಪ, ಎಲ್ಲೋ ತಪ್ಪಿದ್ದೇನೆ ಎಂಬ ಅನುಮಾನ ಅವರಿಗೂ ಇದೆ ಎಂದುಕೊಂಡು ಅವಳು ಹೊದಿಕೆ ಸರಿಮಾಡಿದ್ದಳು.

* * *

"ನಾನೇ ತೆಗ್ದೆ" ಎಂದಳು ಭವ್ಯ.

"ಏನನ್ನ?" ಬಸವೇಶ್ ಕೇಳಿದ.

"ಒಂದು ಅಂಕೀನ. ಅಪ್ಪ ಬರೆದಿದ್ರು, ನಾನು ಖಾಲಿ ಬಿಟ್ಟೆ. ಮೂರನೇ ಸಾಲಲ್ಲಿ ಏಳು ಎರಡು ಸಲ ಬಂದಿತ್ತು. ತಪ್ಪು ಅನ್ಕೊಂಡೆ."

ಸಣ್ಣರಂಗಯ್ಯ ಫೋನು ತೆಗೆದರು. ತಾವು ಪೂರ್ತಿ ತುಂಬಿದ್ದ ಚೌಕದ ಫೋಟೋ ಅದರಲ್ಲಿತ್ತು. "ಯಾವ ಮನೆಯಮ್ಮ? ತೋರ್ಸು."

ಅವಳು ತೋರಿಸಿದಳು.

"ಇಲ್ಲಿ ನಂಗೆ ನಾಲ್ಕು ಬಂದೈತೆ" ಎಂದರು. "ಇಲ್ಲಿ ಅವ್ರು ಏಳು ಬರ್ದಿದ್ರಾ? ದಿಟವಾಗ್ಲೂ?"

"ಹ್ಞೂಂ."

ಸಣ್ಣರಂಗಯ್ಯ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ತುಟಿ ಅಲುಗಿತು. ಆಮೇಲೆ ಹೆಣದ ಮುಂದೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟರು.

"ಏಯ್!" ಎಂದ ಬಸವೇಶ್.

"ತಡ್ಕಳಿ ಸ್ವಾಮಿ, ತಡ್ಕಳಿ. ಅಮ್ಮಾ ತಾಯಿ, ನೀನು ತೆಗೆದು ಬಿಸಾಕಿದ್ದು ಆ ಸುಳ್ಳನ್ನೇ! ಇನ್ನು ಸುಳ್ಳು ಎಲ್ಲಿ ಸಿಗ್ತದೆ ನಂಗೆ? ಎಡತುದಿ ಏಳು ತೆಗೆದಿದ್ರೂ ಸುಳ್ಳು ಉಳ್ಕಂಡು ನಾನು ಬದುಕ್ಕಂತಿದ್ದೆ."

"ಕೈತಪ್ಪಿ ಎರಡು ಸಲ ಬರ್ದಿರಬೋದಲ್ಲ?" ಬಸವೇಶನ ದನಿ ಇಳಿದಿತ್ತು. "ಕಾಯ್ಲೆ ಮನುಷ್ಯ."

"ಕೈತಪ್ಪಾ? ನೋಡಿ ಇಲ್ಲಿ. ಎರಡು ಏಳಿದ್ರೆ ಯಾವನಾದ್ರೂ ಏನಂತಾನೆ? ಮುದುಕಪ್ಪ ತಪ್ಪು ಮಾಡ್ಬುಟ್ಟ ಅಂತಾನೆ. ಕಂಟ್ರೋಲರಿಗೆ ಹುಷಾರಿಲ್ಲ ಅಂತ ಗ್ರೂಪಿಗೆಲ್ಲ ಗೊತ್ತು, ಮೊದ್ಲೇ ಹಂಗೇ ಅಂತಾರೆ. ಅದಕ್ಕೇ ಸುಳ್ಳನ್ನ ಹೊಸ್ತಿಲ ಮೇಲೆ ಇಟ್ಟವ್ರೆ. ಎರಡರಲ್ಲಿ ಯಾವ್ದು ಸುಳ್ಳು ಅಂತ ಹಿಡಿಯಕ್ಕೆ ಹೋದ್ರೆ, ಕೊನೇ ಚೌಕ ಮುಟ್ಟೋವರ್ಗೂ ಗೊತ್ತಾಗಲ್ಲ. ಎರಡು ದಾರೀನೂ ಅಲ್ಲಿವರ್ಗೂ ಸಲೀಸು ಬಿಟ್ಟವ್ರೆ. ಇದನ್ನ ಕೈತಪ್ಪಿ ಕಟ್ಟಕ್ಕಾಗಲ್ಲ ಸ್ವಾಮಿ. ನೆಟ್ಟಗಿರೋ ತಲೇಲೇ ಕಟ್ಟದು ಕಷ್ಟ. ನಮ್ಮ ಕೈಲೆಲ್ಲ ತಪ್ಪು ತಪ್ಪು ಅನ್ನಿಸಿ, ಆಮೇಲೆ ಕಿಸಕ್ ಅಂತ ನಗಬೇಕು ಅಂತ ಕೂತಿದ್ರು."

ಭವ್ಯ ಅಲ್ಲೇ ನೆಲದ ಮೇಲೆ ಕೂತಳು. ಏನೂ ಕಾಣ್ಲಿಲ್ವಾ ಎಂದು ಅಪ್ಪ ಕೇಳಿದ್ದು ಅನುಮಾನದಿಂದಲ್ಲ. ಅವಳು ಸಿಕ್ಕಿಬೀಳಲಿ ಎಂದು. ಜೀವಮಾನದಲ್ಲಿ ಒಂದು ಸಲವಾದರೂ ಮಗಳು, ಅಪ್ಪ ಇಲ್ಲಿ ತಪ್ಪಿದೆ ಎನ್ನಲಿ ಎಂದು. ಅಷ್ಟು ಹುಷಾರಾಗಿದ್ದರು ಅವರು. ಆಸ್ಪತ್ರೆಯಲ್ಲಿ ಬೇಡ ಎಂದವರೂ ಅವರೇ.

ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ನಗು. ಎದೆಯ ಮೇಲಿಂದ ಬಂಡೆ ಸರಿದವಳ ಹಾಗೆ, ಉಸಿರು ಸಿಕ್ಕಿದಷ್ಟೂ ಎಳೆದುಕೊಂಡು ನಕ್ಕಳು.

"ನಿಮ್ಮಪ್ಪಂಗೆ ಸುಳ್ಳೇ ಇಲ್ದಂಗೆ ಮಾಡ್ಬುಟ್ಯಲ್ಲೇ" ಎಂದರು ದಾಕ್ಷಾಯಣಮ್ಮ. ಅವರೂ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ತಲೆ ಕುಯ್ಸಿದ್ರೆ ಇದನ್ನ ಕಟ್ಟಕ್ಕಾಗ್ತಿತ್ತಾ ಬಸವೇಶಾ, ನೀನೇ ಹೇಳು."

ಬಸವೇಶ್ ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಆಯ್ತು ಕಣಣ್ಣ" ಎಂದು ಗುಣಿಯೊಳಗಿಂದ ಕೂಗಿದರು.

ಪರ್ವತಯ್ಯನವರನ್ನು ಇಳಿಸಿ ಕೂರಿಸಿದರು. ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು. ಅಯ್ನೋರು ಮಂತ್ರ ನಿಲ್ಲಿಸಿ ಮೊದಲ ಮಣ್ಣು ಯಾರದು ಎನ್ನುವ ಹಾಗೆ ನೋಡಿದರು. ಬಸವೇಶ್ ಬಗ್ಗಿ ಒಂದು ಬೊಗಸೆ ಮಣ್ಣು ತೆಗೆದ. ಕಲ್ಲು ಆರಿಸಿ ಬಿಸಾಡಿ, ಉಳಿದ ಮೆತ್ತನೆ ಮಣ್ಣನ್ನು ಭವ್ಯಳ ಕೈಗೆ ಸುರಿದ.

"ಹಾಕು" ಎಂದ. ಅಷ್ಟೇ.

* * *

ಎಲ್ಲ ಮುಗಿದ ಮೇಲೆ ಜನ ರುದ್ರಭೂಮಿಯ ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈಕಾಲು ತೊಳೆದರು. ಸಣ್ಣರಂಗಯ್ಯನೂ ಆಶಾರಾಣಿಯೂ ಕೊನೆಗೆ ತೊಳೆದು ಹೊರಟರು. ಭವ್ಯ ಅಷ್ಟರಲ್ಲಿ ಫೋನಿನಲ್ಲೇ ಆ ಏಳನ್ನು ಅದರ ಮನೆಗೆ ವಾಪಸು ಬರೆದು ಗ್ರೂಪಿಗೆ ಹಾಕಿದ್ದಳು. ಪಾವಗಡದ ಬಸ್ಸಿಗೆ ಹೊತ್ತಾಗಿದೆ ಎಂದು ಸಣ್ಣರಂಗಯ್ಯ ದೊಡ್ಡ ಗಂಟಲಲ್ಲಿ ಕೂಗುವುದು ರಸ್ತೆಯಿಂದ ಕೇಳಿಸಿತು.

"ಚಿಕ್ಕಪ್ಪ, ಬರಲ್ವಾ? ಅಮ್ಮ ಕಾಯ್ತಿದಾರೆ."

"ನಿನ್ನ ಫೋನ್ ಕೊಡಿಲ್ಲಿ" ಎಂದ ಬಸವೇಶ್. ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು ಕಟ್ಟೆಯ ಮೇಲೆ ಕೂತಿದ್ದ. "ಒಂದು ಸಾಲಲ್ಲಿ ಒಂದು ಅಂಕಿ ಒಂದೇ ಸಲ. ಅಷ್ಟೇ ತಾನೇ?"

"ಅಷ್ಟೇ. ಉದ್ದಕ್ಕೂ ಹಂಗೇ, ಚಿಕ್ಕ ಚೌಕಕ್ಕೂ ಹಂಗೇ."

"ಇಷ್ಟಕ್ಕೆ ಪಾವಗಡದಿಂದ ಬಂದಿದ್ನಾ ಅವ್ನು?"

ಅವನು ಒದ್ದೆ ಪಂಚೆಯಲ್ಲಿ ಒಣಗಿದ ಒಂದು ಮೂಲೆ ಹುಡುಕಿ ಫೋನಿನ ಗಾಜನ್ನು ಒರೆಸಿದ. ಕಣ್ಣಿಗೆ ಹತ್ತಿರ ಹಿಡಿದ. ಹೆಬ್ಬೆರಳು ಮೂರನೆಯ ಸಾಲಿನ ಮೇಲೆ ಒಂದೊಂದೇ ಮನೆ ದಾಟುತ್ತ ಹೋಗಿ, ತುದಿ ಮುಟ್ಟಿ, ಮತ್ತೆ ಮೊದಲಿಗೆ ಬಂತು. ಭವ್ಯ ಪಕ್ಕದಲ್ಲಿ ಕೂತು ಬಗ್ಗಿ ನೋಡಿದಳು. ಬಕೆಟ್ಟು ತುಂಬಿತು. ತುಂಬಿ, ಅಂಚಿನಿಂದ ಉಕ್ಕಿ, ಕಟ್ಟೆಯ ಮೇಲೆ ಹರಿದು, ಇಬ್ಬರ ಕಾಲಡಿಯ ಕೆಂಪು ಮಣ್ಣಿಗೆ ಇಳಿಯತೊಡಗಿತು. ನಲ್ಲಿ ನಿಲ್ಲಿಸಲು ಯಾರೂ ಏಳಲಿಲ್ಲ.