ಬಟಾಣಿಗೆ ‘ಕ’ ಬಂದದ್ದು

ಹುಟ್ಟಿದಾಗ ದುಂಡಗೆ ಮುದುರಿಕೊಂಡು ಮಲಗುತ್ತಿದ್ದಳೆಂದು ಮನೆಯವರು ಅವಳನ್ನು ಬಟಾಣಿ ಎಂದು ಕರೆದರು. ಐದು ತುಂಬಿದರೂ ಆ ಹೆಸರು ಹೋಗಲಿಲ್ಲ. ಕೆಳಗೆ ಅಪ್ಪನ ಬಣ್ಣದ ಅಂಗಡಿ, ಮೇಲೆ ಮನೆ. ಅಮ್ಮ ಗಾರ್ಮೆಂಟ್ ಫ್ಯಾಕ್ಟರಿಗೆ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಾಗಾಗಿ ಬಟಾಣಿಯ ದಿನವೆಲ್ಲ ಅಜ್ಜಿಯ ಸೆರಗು ಹಿಡಿದುಕೊಂಡೇ ಕಳೆಯುತ್ತಿತ್ತು.

ಬಟಾಣಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಆದರೆ ಆ ಬಾಯಲ್ಲಿ ‘ಕ’ ಇರಲಿಲ್ಲ, ‘ಗ’ವೂ ಇರಲಿಲ್ಲ. ‘ಕ’ ಬರಬೇಕಾದ ಕಡೆ ‘ತ’, ‘ಗ’ ಬರಬೇಕಾದ ಕಡೆ ‘ದ’. ಕಿಟಕಿಯ ಮೇಲೆ ಹಕ್ಕಿ ಕೂತರೆ ಇವಳ ಲೆಕ್ಕದಲ್ಲಿ ಹತ್ತಿ ಕೂರುತ್ತಿತ್ತು. ಮಳೆ ಬಂದಾಗ “ಅಜ್ಜಿ, ತೊಡೆ ತೊಡು” ಎಂದರೆ ಅಂಗಡಿಗೆ ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಜ್ಜಿ ಮಾತ್ರ ತಿರುಗಿಯೂ ನೋಡದೆ ಬಾಗಿಲ ಹಿಂದಿನ ಕೊಡೆ ತೆಗೆದು ಕೊಡುತ್ತಿದ್ದಳು. ಯಾರಾದರೂ ಬಟಾಣಿಯನ್ನು ಏನಾದರೂ ಕೇಳಿದರೆ ಉತ್ತರ ಎರಡು ಸಲ ಬರುತ್ತಿತ್ತು. ಮೊದಲು ಬಟಾಣಿಯದು, ಹಿಂದೆಯೇ ಅಜ್ಜಿಯದು. ಮಗ ಸೊಸೆಗೂ ತಿಳಿಯದ ಮಾತು ತನಗೊಬ್ಬಳಿಗೇ ತಿಳಿಯುತ್ತದೆ ಎಂದು ಅಜ್ಜಿಗೆ ಒಳಗೊಳಗೇ ಜಂಬವೂ ಇತ್ತು. “ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತೆ ಬಿಡಿ” ಎನ್ನುತ್ತಿದ್ದಳು.

ಶಾಲೆಗೆ ಸೇರಿದ ಮೇಲೆ ಅಜ್ಜಿ ಜೊತೆಗೆ ಹೋಗಿ ಕೂರುವ ಹಾಗಿರಲಿಲ್ಲ.

ಒಂದು ದಿನ ಟೀಚರ್ ಬಣ್ಣದ ರಟ್ಟುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಮಕ್ಕಳನ್ನು ಕೇಳಿದರು. ಬಟಾಣಿಯ ಸರದಿಗೆ ಕಪ್ಪು ಬಂತು.

“ತಪ್ಪು” ಎಂದಳು ಬಟಾಣಿ.

“ಏನೂ ತಪ್ಪಿಲ್ಲ ಪುಟ್ಟಾ. ಯಾವ ಬಣ್ಣ ಹೇಳು.”

ತಾನು ಹೇಳಿದ್ದು ಸರಿಯಿಲ್ಲವೇನೋ ಎಂದುಕೊಂಡ ಬಟಾಣಿ ಸ್ವಲ್ಪ ಯೋಚಿಸಿ, “ನೀಲಿ” ಎಂದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ತಲೆ ಆಡಿಸುವುದು, ಇಲ್ಲವೇ ಕೈ ತೋರಿಸುವುದು, ಅಷ್ಟೇ. ಕೊನೆಗೆ ಟೀಚರ್ ಅಪ್ಪನನ್ನು ಕರೆಸಿ, “ಇವಳಿಗೆ ಬಣ್ಣಗಳ ಗುರುತು ಸಿಗ್ತಾ ಇಲ್ಲ ಅನ್ಸುತ್ತೆ. ಮಾತೂ ಕಡಿಮೆ. ಯಾರಿಗಾದ್ರೂ ತೋರಿಸಿ” ಎಂದರು.

ಅಪ್ಪ ಮನೆಗೆ ಬಂದು ಧಡಾರನೆ ಕುರ್ಚಿಯಲ್ಲಿ ಕೂತ. “ಬಣ್ಣ ಮಾರೋನ ಮಗಳಿಗೆ ಬಣ್ಣ ಗೊತ್ತಿಲ್ವಂತೆ. ಅಂಗಡಿ ಬೋರ್ಡ್ ಇಳಿಸಿಬಿಡ್ತೀನಿ” ಎಂದ. ಅಜ್ಜಿ ಬಟಾಣಿಯನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ವಿಷಯ ಹೊರಡಿಸಿದಳು. ತರಗತಿಯಲ್ಲಿ ನಡೆದದ್ದೆಲ್ಲ ಹೊರಬಂತು. ಕೇಳಿ ಮುಗಿದ ಮೇಲೆ ಅಜ್ಜಿ ತಾನೇ ಹೇಳಿದಳು: “ತೋರಿಸೋಣ.”

ಮಕ್ಕಳ ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಒಬ್ಬರು ಆಸ್ಪತ್ರೆಯ ಎರಡನೇ ಮಹಡಿಯಲ್ಲಿದ್ದರು. ಮನೆಯಲ್ಲಿ ಅವರಿಗೆ ‘ಮಾತಿನ ಮೇಡಂ’ ಎಂದು ಹೆಸರು ಬಿತ್ತು. ಚಿಕ್ಕ ಕೋಣೆ, ನೆಲಕ್ಕೆ ಚಾಪೆ, ಗೋಡೆಗೆ ಮಕ್ಕಳ ಎತ್ತರಕ್ಕೆ ಹಾಕಿದ ಉದ್ದ ಕನ್ನಡಿ. ಮೊದಲು ಕಿವಿಯ ಪರೀಕ್ಷೆ ಆಯಿತು. ಹೆಡ್‌ಫೋನಿನಲ್ಲಿ ಕುಂಯ್ ಎಂದಾಗಲೆಲ್ಲ ಬಟಾಣಿ ಡಬ್ಬಿಗೆ ಒಂದು ಮರದ ತುಂಡು ಹಾಕಬೇಕು. ಒಂದನ್ನೂ ಬಿಡದೆ ಹಾಕಿದಳು. ಆಮೇಲೆ ಮೇಡಂ ಟಾರ್ಚ್ ಹಿಡಿದು ಬಾಯೊಳಗೆ ನೋಡಿದರು. ನಾಲಿಗೆ ಹೊರಗೆ ಚಾಚಿಸಿ, ಮೇಲೆ, ಕೆಳಗೆ, ಅಕ್ಕಪಕ್ಕ ಆಡಿಸಿದರು.

“ಪಕ್ಕದ ಮನೆಯವರು ನಾಲಿಗೆ ಕೆಳಗಿನ ದಾರ ಕತ್ತರಿಸಬೇಕು ಅಂತಾರೆ” ಎಂದಳು ಅಜ್ಜಿ ಹೆದರುತ್ತ.

“ಕತ್ತರಿಗೆ ಇಲ್ಲೇನೂ ಕೆಲಸ ಇಲ್ಲ ಅಜ್ಜಿ. ನಾಲಿಗೆ ಚೆನ್ನಾಗೇ ಆಡ್ತಾ ಇದೆ.”

ಮೇಡಂ ಚಿತ್ರಗಳ ಕಟ್ಟು ತೆಗೆದು ಒಂದೊಂದೇ ತೋರಿಸಿದರು. ಬೆಕ್ಕು ಬೆತ್ತಾಯಿತು, ಗೊಂಬೆ ದೊಂಬೆಯಾಯಿತು. ಅಜ್ಜಿ ಅಭ್ಯಾಸಬಲದಿಂದ ಹಿಂದೆಯೇ “ಬೆಕ್ಕು ಅಂತಿದಾಳೆ” ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡಳು. ಕೊಡೆಯ ಚಿತ್ರ ಬಂದಾಗ ಮೇಡಂ ಬೇಕೆಂದೇ ಬಟಾಣಿಯ ಹಾಗೆ, “ಓಹೋ, ಇದು ತೊಡೆನಾ?” ಎಂದರು.

ಬಟಾಣಿಗೆ ನಗು ತಡೆಯಲಾಗಲಿಲ್ಲ. “ತೊಡೆ ಅಲ್ಲ. ತೊಡೆ!”

ಮೇಡಂಗೂ ನಗು ಬಂತು. ಅಜ್ಜಿಯ ಕಡೆ ತಿರುಗಿ ಹೇಳಿದರು: “ನೋಡಿದ್ರಾ? ನಾನು ತಪ್ಪು ಹೇಳಿದ್ದು ಅವಳಿಗೆ ತಕ್ಷಣ ಗೊತ್ತಾಯ್ತು. ಕಿವಿಗೆ ಎಲ್ಲ ಗೊತ್ತಿದೆ, ನಾಲಿಗೆಗೆ ಇನ್ನೂ ಸುದ್ದಿ ಮುಟ್ಟಿಲ್ಲ. ‘ತ’ ಅನ್ನೋಕೆ ನಾಲಿಗೆಯ ತುದಿ ಮುಂದೆ ಹಲ್ಲಿಗೆ ತಾಗಬೇಕು. ‘ಕ’ ಅನ್ನೋಕೆ ಹಿಂಭಾಗ ಮೇಲೆ ಏಳಬೇಕು. ಇವಳು ಎಲ್ಲ ವ್ಯವಹಾರಾನೂ ಮುಂದಿನ ಬಾಗಿಲಲ್ಲೇ ಮುಗಿಸ್ತಾಳೆ. ಚಿಕ್ಕ ಮಕ್ಕಳೆಲ್ಲ ಹಾಗೆ ಮಾಡ್ತಾರೆ, ತಾವೇ ಬಿಡ್ತಾರೆ. ಇವಳಿಗೆ ಆ ವಯಸ್ಸು ದಾಟಿದೆ, ಸ್ವಲ್ಪ ಕೈ ಹಿಡಿದು ಹಿಂದಿನ ಬಾಗಿಲು ತೋರಿಸಬೇಕು.”

ತೋರಿಸುವುದು ಎಂದುಕೊಂಡಷ್ಟು ಸುಲಭವಾಗಲಿಲ್ಲ. ಕನ್ನಡಿಯ ಮುಂದೆ ಮೇಡಂ “ಕ” ಎಂದರೆ ಬಟಾಣಿ ಗಂಟಲು ಬಿಗಿದು, ಕಣ್ಣರಳಿಸಿ, ಕೊನೆಗೆ “ತ” ಎಂದೇ ಇಳಿಸುತ್ತಿದ್ದಳು. ಮೇಡಂ ಅವಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಮಲಗಿದರೆ ನಾಲಿಗೆ ತಾನೇ ಹಿಂದಕ್ಕೆ ಜಾರುತ್ತದಂತೆ. ನೀರಿಲ್ಲದೆ ಬಾಯಿ ಮುಕ್ಕಳಿಸುವ ಆಟ, ಸುಳ್ಳು ಕೆಮ್ಮಿನ ಆಟ, ಎಲ್ಲ ಆಯಿತು. ಅಜ್ಜಿಯೂ ಪಕ್ಕದಲ್ಲೇ ಮಲಗಿ ಮುಕ್ಕಳಿಸಿದಳು. ಎದ್ದೇಳುವಾಗ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಬೀಗ ತೆರೆದದ್ದು ಅಂಗಡಿಯಲ್ಲಿ. ಪದದ ಕೊನೆಯಲ್ಲಿ ‘ಕ್’ ಸುಲಭವಾಗಿ ಬರಬಹುದು, ಅಂಥ ಸದ್ದುಗಳನ್ನು ಹುಡುಕಿ ಎಂದು ಮೇಡಂ ಹೇಳಿ ಕಳಿಸಿದ್ದರು. ಅಪ್ಪ ಸ್ಕ್ರೂಡ್ರೈವರ್‌ನಿಂದ ಬಣ್ಣದ ಡಬ್ಬದ ಮುಚ್ಚಳ ಮೀಟಿ, “ಪಕ್ ಅಂತು ನೋಡು. ಏನಂತು ಡಬ್ಬ?” ಎಂದು ಕೇಳಿದ. ಬಟಾಣಿ ಡಬ್ಬದ ಮೇಲೆ ಬಗ್ಗಿ, “ಪತ್” ಎಂದಳು. ಇನ್ನೊಂದು ಮೀಟಿದ. “ಪತ್.” ಅಪ್ಪನೂ ಹಟಕ್ಕೆ ಬಿದ್ದು, ಬೇಡದ ಡಬ್ಬಗಳನ್ನೆಲ್ಲ ತೆರೆಯುತ್ತ ಹೋದ. ಯಾವುದೋ ಒಂದು ಡಬ್ಬಕ್ಕೆ, ಅವಳು ಮೂಗು ಮೇಲೆತ್ತಿ ಸೂರು ನೋಡುತ್ತಿದ್ದಾಗ, “ಪಕ್” ಬಂತು. ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿ ಬಟಾಣಿ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಮತ್ತೆ “ಪಕ್” ಎಂದಳು. ಅಂದು ಅವಳು ಊಟ ಮಾಡುವಾಗಲೂ ಪಕ್, ಸ್ನಾನ ಮಾಡುವಾಗಲೂ ಪಕ್.

ಪದಗಳ ಒಳಕ್ಕೆ ‘ಕ’ ಇಳಿಸಲು ಮೇಡಂ ಬೇರೆ ಆಟ ತೆಗೆದರು. ಬಟಾಣಿ ಏನು ಹೇಳುತ್ತಾಳೋ ಅಜ್ಜಿ ಅದನ್ನೇ ಮಾಡಬೇಕು. ಗೊಂಬೆಯ ತಲೆಗೆ ರಿಬ್ಬನ್ ಇಟ್ಟು ಬಟಾಣಿ “ತಟ್ಟು” ಎಂದಳು. ಅಜ್ಜಿ ತಟಕ್ಕನೆ ರಿಬ್ಬನ್ ಕಟ್ಟಿಬಿಟ್ಟಳು.

“ಅಜ್ಜಿ, ಅವಳು ತಟ್ಟು ಅಂದ್ಲು. ನೀವು ತಟ್ಟಬೇಕು.”

“ಅವಳ ಮನಸ್ಸಲ್ಲಿ ಇದ್ದದ್ದು ಕಟ್ಟು ಅಂತ, ನನಗೆ ಗೊತ್ತಾಯ್ತಲ್ಲ.”

“ನಿಮಗೆ ಗೊತ್ತಾಗುತ್ತೆ ಅಂತಲೇ ಅವಳಿಗೆ ಬದಲಾಯಿಸೋ ಅಗತ್ಯ ಬೀಳ್ತಿಲ್ಲ. ಈ ಆಟ ಆಡುವಾಗ ಮಾತ್ರ ನಿಮ್ಮ ಕಿವಿ ಸ್ವಲ್ಪ ದಡ್ಡ ಆಗ್ಲಿ.”

ಅಜ್ಜಿ ಗೊಂಬೆಯ ತಲೆಯನ್ನು ತಟ್ಟಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಮರುದಿನ, ಮಾಡುವುದಾದರೆ ಸರಿಯಾಗೇ ಮಾಡೋಣವೆಂದು ಬೆಳಗಿನಿಂದಲೇ ಶುರುಮಾಡಿದಳು. ಬಟಾಣಿ ಶಾಲೆಯಿಂದ ಹಸಿದು ಬಂದು “ಬಿಸ್ತತ್ತು ಬೇತು” ಎಂದಾಗ, “ಅಂಥದ್ದು ಯಾವುದೂ ನಮ್ಮನೇಲಿಲ್ಲ” ಎಂದುಬಿಟ್ಟಳು. ಬಟಾಣಿ ಮತ್ತೆ ಕೇಳಿದಳು. ಅಜ್ಜಿ ತಲೆಯಾಡಿಸಿದಳು. ಮಗು ಅಳಲಿಲ್ಲ. ಅಜ್ಜಿಯ ಮುಖವನ್ನೇ ದಿಟ್ಟಿಸಿತು. ತರಗತಿಯಲ್ಲಿ ಮಾಡುವಂತೆಯೇ ಬಾಯಿ ಮುಚ್ಚಿಕೊಂಡು, ಡಬ್ಬಿಯ ಕಡೆ ಬೆರಳು ತೋರಿಸಿತು. ಅಜ್ಜಿ ಬಿಸ್ಕತ್ತಿನ ಡಬ್ಬಿಯನ್ನೇ ಮಡಿಲಿಗಿಟ್ಟು, ಮೊಮ್ಮಗಳನ್ನು ತಬ್ಬಿಕೊಂಡು ಕೂತುಬಿಟ್ಟಳು.

ಮುಂದಿನ ಸಲ ಹೋದಾಗ ಅವಳೇ ಮೊದಲು ಬಾಯಿ ತೆಗೆದಳು. “ನನ್ನ ಕೈಲಾಗಲ್ಲಮ್ಮ. ಮಗು ಕೇಳಿದ್ದು ಅರ್ಥ ಆದ್ರೂ ಆಗದ ಹಾಗೆ ಇರೋದು ನನ್ನಿಂದ ಆಗಲ್ಲ.”

ಮೇಡಂ ಪೆನ್ನು ಕೆಳಗಿಟ್ಟರು. “ಅದು ನಾನು ಬಿಡಿಸಿ ಹೇಳಬೇಕಿತ್ತು. ಹಸಿವಾದಾಗ, ಅತ್ತಾಗ, ಏನಾದ್ರೂ ಹೇಳೋಕೆ ಓಡಿ ಬಂದಾಗ ನೀವು ಎಂದಿನ ಅಜ್ಜಿಯಾಗೇ ಇರಬೇಕು. ದಡ್ಡ ಕಿವಿ ಆಟದ ಹೊತ್ತಿಗೆ ಮಾತ್ರ. ಇಷ್ಟು ದಿನ ಇವಳು ಮನೇಲಿ ಮಾತು ನಿಲ್ಲಿಸದೆ ಇದ್ದದ್ದೇ ಕೇಳೋರೊಬ್ಬರು ಇದ್ದರು ಅಂತ.”

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಎಲ್ಲಿ ಆ ರಿಬ್ಬನ್?” ಎಂದಳು.

ಆಟ ಸರಾಗವಾಯಿತು. ರಾತ್ರಿ ಊಟಕ್ಕೆ ಮುಂಚೆ ಚಾಪೆ ಹಾಸುವುದು, ಬಟಾಣಿ ಅಪ್ಪಣೆ ಕೊಡುವುದು, ಅಜ್ಜಿ ಶಿರಸಾವಹಿಸುವುದು. ‘ಕಟ್ಟು’ ಎಂದು ಸರಿಯಾಗಿ ಬಂದ ದಿನ ಅಜ್ಜಿ ಗೊಂಬೆಗಷ್ಟೇ ಅಲ್ಲ, ತನ್ನ ಜಡೆಗೂ ರಿಬ್ಬನ್ ಕಟ್ಟಿಸಿಕೊಂಡು ಅಂಗಡಿಗೆ ಇಳಿದು ಬಂದಳು.

ಸ್ವಲ್ಪ ದಿನದಲ್ಲೇ ಇನ್ನೊಂದು ಫಜೀತಿ. ಹೊಸ ಅಕ್ಷರ ಸಿಕ್ಕ ಹುಮ್ಮಸ್ಸಿನಲ್ಲಿ ಬಟಾಣಿ ಅದನ್ನು ಎಲ್ಲ ಕಡೆ ಹಾಕತೊಡಗಿದಳು. “ಕಲೆ ಬಾಚು” ಎಂದಳು, “ಕಟ್ಟೆ ಕಾ” ಎಂದಳು. ಗೋಡೆಯ ಮೇಲಿನ ಫೋಟೋದಲ್ಲಿದ್ದ ತಾತ ಕಾಕನಾದರು. ಅಜ್ಜಿ ಗಾಬರಿಯಾಗಿ ಮೇಡಂಗೆ ಫೋನ್ ಮಾಡಿಸಿದಳು. “ಇದ್ದ ‘ತ’ನೂ ಹೋಯ್ತಲ್ಲಮ್ಮ!”

ಆ ಕಡೆಯಿಂದ ನಗು ಕೇಳಿಸಿತು. “ಎಲ್ಲೂ ಹೋಗಿಲ್ಲ ಅಜ್ಜಿ. ಹೊಸ ಚಪ್ಪಲಿ ಹಾಕ್ಕೊಂಡೇ ಮಲಗ್ತೀನಿ ಅಂತ ಮಕ್ಕಳು ಹಟ ಮಾಡಲ್ವಾ, ಹಾಗೆ. ಯಾವುದು ಎಲ್ಲಿಗೆ ಅಂತ ಈಗ ವಿಂಗಡಿಸ್ತಾಳೆ.”

ವಿಂಗಡಿಸಿದಳು. ತಾತ ಮರಳಿ ತಾತನಾದರು. ‘ಗ’ಕ್ಕೆ ಯಾರೂ ಹೆಚ್ಚು ಕಷ್ಟಪಡಲಿಲ್ಲ, ‘ಕ’ದ ಹಿಂದೆಯೇ ಅದೂ ಬಂದು ಸೇರಿತು. ಬೇಸಿಗೆ ರಜೆಗೆ ಮುಂಚೆ, ಬಟಾಣಿ ತರಗತಿಯಲ್ಲಿ ಎದ್ದು ನಿಂತು ಕಥೆ ಹೇಳಿದಳೆಂದು ಟೀಚರ್ ಫೋನ್ ಮಾಡಿ ತಿಳಿಸಿದರು. ಅಪ್ಪ ಆ ಮಾತನ್ನು ಅಂದು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಬ್ರಷ್ಷಿನ ಜೊತೆ ಪುಕ್ಕಟೆಯಾಗಿ ಕೊಟ್ಟ.

ಕೊನೆಯ ಸಲ ತೋರಿಸಿದಾಗ ಮೇಡಂ, “ಇನ್ನು ಬರಬೇಕಾಗಿಲ್ಲ. ಅವಸರದಲ್ಲಿ ಒಂದೊಂದು ಸಲ ಜಾರಿದ್ರೆ ಜಾರಲಿ, ಅವಳೇ ಸರಿಮಾಡ್ಕೊತಾಳೆ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಬಟಾಣಿಯನ್ನು ಏನೋ ಕೇಳಿದಳು. ಬಟಾಣಿ ಉತ್ತರ ಕೊಟ್ಟಳು. ಹೆಂಗಸು ಮತ್ತೊಂದು ಕೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟಳು. ತನ್ನ ಸಹಾಯ ಯಾರಿಗೂ ಬೇಕಾಗಲಿಲ್ಲ. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಮೊಮ್ಮಗಳ ಜೊತೆ ಹೊರಟಾಗ ಮೊದಲ ಬಾರಿಗೆ ಅವಳಿಗೆ ಬಸ್ಸಿನಲ್ಲಿ ನಿದ್ದೆ ಹತ್ತಿತು.

ಎಚ್ಚರವಾದಾಗ ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

“ಏನಂತಮ್ಮ?” ಎಂದಳು ಅಜ್ಜಿ.

“ಏನಿಲ್ಲ ಅಜ್ಜಿ. ನೀವು ಗೊರಕೆ ಹೊಡೀತೀರಂತೆ, ಕೇಳಿದ್ರೆ ಇಲ್ಲ ಅಂತೀರಂತೆ.”

ಅಜ್ಜಿ ಬಟಾಣಿಯನ್ನು ನೋಡಿದಳು. ಬಟಾಣಿ ಕಿಟಕಿಯ ಹೊರಗೆ ನೋಡಿದಳು.

“ಇನ್ನೂ ಏನೇನು ಹೇಳಿದಾಳೆ?” ಎಂದು ಅಜ್ಜಿ ಕೇಳಿ, ಆ ಹೆಂಗಸಿನ ಕಡೆಗೆ ಸರಿದು ಕೂತಳು.